ಪುಟ ನಲವತ್ತೊಂದರ ಬಾಯಿ

ಮೂರನೆಯ ಡ್ರಾಯರನ್ನೂ ಮಂಚದ ಮೇಲೆ ಸುರಿದಾಗ ಸಿಕ್ಕಿದ್ದು ಎರಡು ಕೀಲಿಕೈ, ಒಂದು ಖಾಲಿ ಟೇಪ್ ರೀಲು, ಒಂದು ಗುರುತಿನ ಚೀಟಿ. ಚೀಟಿಯ ಫೋಟೊ ಸವೆದು ಎಡಗಿವಿ ಮತ್ತು ಅಂಗಿಯ ಕಾಲರು ಮಾತ್ರ ಉಳಿದಿದ್ದವು.

"ಕಿವಿಯನ್ನೇ ದೊಡ್ಡದು ಮಾಡಿಸಿ ಇಡೋಕಾಗುತ್ತಾ ಅಮ್ಮ?" ಎಂದಳು ಮಗಳು.

ಅಮ್ಮ ಚೀಟಿಯನ್ನು ಮತ್ತೆ ಡ್ರಾಯರಿಗೆ ಹಾಕಿದಳು. ಪಕ್ಕದ ಕೋಣೆಯಲ್ಲಿ ಅವಳ ಗಂಡ ಮಲಗಿದ್ದ, ಎಂದಿನಂತೆ ಮಾತಿಲ್ಲದೆ. ಹನ್ನೊಂದು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು. ಹಜಾರದ ಮೇಜಿನ ಮೇಲೆ ಹೂವಿತ್ತು. ಹೂವಿನ ಹಿಂದೆ ಫೋಟೊ ಇರಬೇಕಾದ ಜಾಗ ಬೋಳಾಗಿತ್ತು.

ಮನೆಯಲ್ಲಿ ಆಲ್ಬಮ್ಮುಗಳಿಗೇನೂ ಬರವಿರಲಿಲ್ಲ. ಆದರೆ ಕೈ ನಡುಗದ ಮನುಷ್ಯನೆಂದು ಹುಟ್ಟುಹಬ್ಬ, ಪ್ರವಾಸ ಏನೇ ಇರಲಿ, ಕ್ಯಾಮೆರಾ ಆತನ ಕೈಗೇ ಹೋಗುತ್ತಿತ್ತು. ಏಳು ಆಲ್ಬಮ್ಮುಗಳಲ್ಲಿ ಊರಿನವರೆಲ್ಲ ಇದ್ದರು, ಅವನೊಬ್ಬ ಇರಲಿಲ್ಲ. ತನ್ನದೇ ಮದುವೆಯ ಫೋಟೊದಲ್ಲಿ ಇದ್ದನೇನೋ ನಿಜ. ಅಲ್ಲೂ ಮುಂದೆ ನಿಂತ ಹೆಂಡತಿಯ ತಮ್ಮನ ತಲೆ ಅವನ ಮುಖವನ್ನು ನುಂಗಿಹಾಕಿತ್ತು.

ಆ ತಮ್ಮ ಈಗ ಹಜಾರದ ನಡುಕುರ್ಚಿಯಲ್ಲಿ ಕೂತಿದ್ದ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ಸ್ಟಾಪು ಕೂಗಿದವನು. ಪಿಸುಗುಟ್ಟಿದರೂ ಬೀದಿಯ ತುದಿಗೆ ಕೇಳುತ್ತಿತ್ತು.

"ಅಕ್ಕ, ಸುಮ್ನೆ ಯಾಕೆ ಹುಡುಕ್ತೀಯ? ಭಾವ ಪುಸ್ತಕದಲ್ಲೇ ಇದಾರಲ್ಲ, ಅದನ್ನೇ ತಂದಿಡು."

ಸುತ್ತ ಕೂತಿದ್ದ ನೆಂಟರಲ್ಲಿ ಇಬ್ಬರು ನಕ್ಕರು. ಆಮೇಲೆ ಸಾವಿನ ಮನೆಯೆಂದು ನೆನಪಾಗಿ ನಗುವನ್ನು ಕೆಮ್ಮಾಗಿ ತಿರುಗಿಸಿಕೊಂಡರು. ಅಕ್ಕ ನಗಲಿಲ್ಲ. ಈ ಮಾತಿಗೆ ಆಕೆ ಹಿಂದೆ ಒಮ್ಮೆ ನಕ್ಕಿದ್ದಳು.

*

ಮೂವತ್ತೆರಡು ವರ್ಷಗಳ ಹಿಂದಿನ ಮಾತು. ಗಂಡ ಕಾಲೇಜಿನ ಧ್ವನಿ ಪ್ರಯೋಗಾಲಯದಲ್ಲಿ ಅಟೆಂಡರ್. ಟೇಪು ಸುತ್ತುವುದು, ಧೂಳು ಒರೆಸುವುದು, ಕಿಟಕಿ ಮುಚ್ಚಿ ಬೀದಿಯ ಗದ್ದಲ ಹೊರಗಿಡುವುದು ಅವನ ಕೆಲಸ. ಅಲ್ಲಿನ ಪ್ರೊಫೆಸರಮ್ಮ ಒಂದು ಪುಸ್ತಕ ಬರೆಯುತ್ತಿದ್ದರು. ಒಂದೊಂದು ಸ್ವರ ನುಡಿಯುವಾಗಲೂ ನಾಲಿಗೆ ಎಲ್ಲಿರುತ್ತದೆ ಎಂಬುದಕ್ಕೆ ಅವರಿಗೆ ಎಕ್ಸ್‌ರೇ ಬೇಕಿತ್ತು. ನಾಲಿಗೆಯ ಗೆರೆ ಸ್ಪಷ್ಟವಾಗಿ ಮೂಡಲೆಂದು ಅದರ ನಡುವೆ ಉದ್ದಕ್ಕೂ ದಾರದಷ್ಟು ಸಣ್ಣ ಸರಪಳಿ ಇಡಬೇಕು. ತಲೆಯನ್ನು ಸ್ಟ್ಯಾಂಡಿಗೆ ಒರಗಿಸಿ ಒಂದೇ ಸ್ವರವನ್ನು ಏಳು ಸೆಕೆಂಡು ಅಲುಗದೆ ಹಿಡಿದಿರಬೇಕು. ಮೂವರು ವಿದ್ಯಾರ್ಥಿಗಳಿಗೆ ವಾಂತಿ ಬಂದಂತಾಯಿತು. ಒಬ್ಬಳಿಗೆ ನಗು ತಡೆಯಲಾಗಲಿಲ್ಲ. ಪ್ರೊಫೆಸರಮ್ಮನೇ ಕೂತರು, ಅವರ ಕತ್ತು ನಡುಗಿತು.

ಸ್ಟ್ಯಾಂಡು ಎತ್ತಿಡಲು ಬಂದ ಅಟೆಂಡರ್, "ನಾನು ನೋಡ್ಲಾ ಮೇಡಂ?" ಎಂದ. ಆ ವಿಭಾಗದಲ್ಲಿ ಅವನು ಅಲ್ಲಿಯವರೆಗೆ ಆಡಿದ್ದ ಅತಿ ಉದ್ದದ ಮಾತು ಅದು. ಈ, ಏ, ಆ, ಓ, ಊ: ಐದನ್ನೂ ಒಂದೇ ಪಟ್ಟಿನಲ್ಲಿ ಮುಗಿಸಿ, ಸರಪಳಿ ತೊಳೆದಿಟ್ಟು, ಟೇಪು ಸುತ್ತಲು ಹೋದ.

ಪುಸ್ತಕ ಅಚ್ಚಾದ ಮೇಲೆ ಅದನ್ನು ಲೈಬ್ರರಿಯಿಂದ ಕಾಗದ ಸುತ್ತಿ ತಂದ. ಭಾನುವಾರ ಊಟಕ್ಕೆ ಸೇರಿದ್ದ ನೆಂಟರ ಮುಂದೆ ನಲವತ್ತೊಂದನೆಯ ಪುಟ ಬಿಚ್ಚಿ, "ಇದು ನಾನು" ಎಂದ. ಒಂದು ತಲೆಯನ್ನು ನಡುವೆ ಸೀಳಿ ಪಕ್ಕದಿಂದ ನೋಡಿದಂತಹ ಚಿತ್ರ. ಹೆಂಡತಿಯ ತಮ್ಮ ಪುಸ್ತಕ ನೋಡಿದ, ಭಾವನನ್ನು ನೋಡಿದ. ಚಿತ್ರದ ಮೂಗು ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೇರ. ಭಾವನದು ಗುಂಡು ಮೂಗು.

"ಈ ಮೂಗು ನಿಮ್ಮದಾದ್ರೆ, ನಿಮ್ಮ ಮುಖದ ಮೇಲಿರೋದು ಯಾರದು ಭಾವ?"

ಮನೆಗೆ ಮನೆಯೇ ನಕ್ಕಿತು. ಹೆಂಡತಿಯೂ ಕೈಯಲ್ಲಿದ್ದ ಸೌಟು ಬೀಳುವಷ್ಟು ನಕ್ಕಳು. ಅವನು ಪುಸ್ತಕ ಮುಚ್ಚಿ ಮತ್ತೆ ಕಾಗದ ಸುತ್ತಿದ. ಮರುದಿನ ಲೈಬ್ರರಿಗೆ ವಾಪಸು ಕೊಟ್ಟ. ಆಮೇಲೆ ಆ ಸುದ್ದಿಯನ್ನೇ ಎತ್ತಲಿಲ್ಲ. ನೆಂಟರ ಬಾಯಲ್ಲಿ ಮಾತ್ರ 'ಪುಸ್ತಕದ ಭಾವ' ಎಂಬ ಹೆಸರು ಉಳಿಯಿತು.

ಅವನು ಜೀವಮಾನದಲ್ಲಿ ಬಡಾಯಿ ಕೊಚ್ಚಿದ್ದು ಅದೊಂದೇ ಸಲ. ಅದು ಬಡಾಯಿಯೋ ನಿಜವೋ ಎಂದು ಆಕೆ ಕೇಳಿರಲಿಲ್ಲ. ಇನ್ನು ಕೇಳುವಂತಿರಲಿಲ್ಲ.

*

ಹತ್ತೂಕಾಲಿಗೆ ಪ್ರೊಫೆಸರಮ್ಮ ಬಂದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ರಟ್ಟಿನ ಕೊಳವೆ. ಫೋಟೊ ಇದ್ದರೆ ಕೊಡಿ ಎಂದು ಮಗಳು ಬೆಳಿಗ್ಗೆ ಕಾಲೇಜಿಗೆ ಫೋನು ಮಾಡಿದ್ದಳು. ಸುದ್ದಿ ನಿವೃತ್ತರಾದ ಇವರಿಗೆ ತಲುಪಿತ್ತು. ಫೋಟೊ ಇಲ್ಲ, ಇರೋದು ಇದು, ಎಂದು ಅವರು ಕೊಳವೆಯಿಂದ ಐದು ತೆಳು ಹಾಳೆಗಳನ್ನು ಬಿಡಿಸಿದರು. ಎಕ್ಸ್‌ರೇ ಮೇಲಿಟ್ಟು ಪೆನ್ಸಿಲಿನಲ್ಲಿ ಎಳೆದ ಗೆರೆಗಳು: ತುಟಿ, ಹಲ್ಲು, ಅಂಗುಳ, ನಾಲಿಗೆ.

ಕಂಡಕ್ಟರ್ ಬಗ್ಗಿ ನೋಡಿದ. "ಆಗ ಮೂಗು ಬೇರೆಯವರದಿತ್ತು. ಈಗ ಮೂಗೇ ಇಲ್ಲ."

ಫಿಲ್ಮು ಹಿಡಿದದ್ದೇ ಅಷ್ಟು, ಮೂಗಿನ ಕೆಳಗಿನಿಂದ ಗಂಟಲವರೆಗೆ, ಎಂದರು ಪ್ರೊಫೆಸರಮ್ಮ. ಬರೀ ಬಾಯಿ ನೋಡಲು ಚೆನ್ನಾಗಿರಲ್ಲವೆಂದು ಅಚ್ಚುಹಾಕುವವನು ಯಾರಿಂದಲೋ ಒಂದು ಮೂಗು ಬರೆಸಿ ಅಂಟಿಸಿದ್ದ. "ಹೊರಗಿನ ಮೂಗು ಅವರದಲ್ಲ. ಒಳಗಿನ ಒಂದು ಗೆರೆಯನ್ನೂ ಯಾರೂ ಮುಟ್ಟಿಲ್ಲ."

ಮೇಷ್ಟರ ಬುದ್ಧಿ, ನಾಲ್ಕು ಜನ ಸೇರಿದ್ದು ಕಂಡರೆ ಪಾಠ ತಾನಾಗಿ ಬರುತ್ತದೆ. ಅಂಗೈಯನ್ನೇ ನಾಲಿಗೆ ಮಾಡಿ ತೋರಿಸಿದರು. ಈ ಅನ್ನುವಾಗ ನಾಲಿಗೆಯ ಮುಂಭಾಗ ಮೇಲೇಳುತ್ತದೆ, ತುಟಿ ಅಗಲವಾಗುತ್ತದೆ. ಊ ಅನ್ನುವಾಗ ಹಿಂಭಾಗ ಮೇಲೇಳುತ್ತದೆ, ತುಟಿ ದುಂಡಗಾಗುತ್ತದೆ. ಏ, ಓ ಎರಡೂ ನಡುಮಟ್ಟ. ಆ ಅಂದರೆ ನಾಲಿಗೆ ಕೆಳಗಿಳಿದು ಬಾಯಿ ಪೂರ್ತಿ ತೆರೆಯುತ್ತದೆ. ಯಾವುದರಲ್ಲೂ ಉಸಿರಿಗೆ ಅಡ್ಡಿಯಿಲ್ಲ. ಅದಕ್ಕೇ ಅವು ಸ್ವರ. ಒಂದೊಂದನ್ನೂ ಅವರು ಏಳು ಸೆಕೆಂಡು ಅಲುಗದೆ ಹಿಡಿದಿದ್ದರು, ಎಂದರು.

"ಮುಂದಿನ ಬಾಗಿಲು, ಹಿಂದಿನ ಬಾಗಿಲು, ಹತ್ತೋರು, ಇಳಿಯೋರು. ಅಷ್ಟೇ ತಾನೆ?" ಎಂದ ಕಂಡಕ್ಟರ್. "ಏಳು ಸೆಕೆಂಡು ಬಾಯಿ ತೆರೆಯೋದೇನು ಮಹಾ."

ಅಕ್ಕ ಇದಾವುದನ್ನೂ ಕೇಳುತ್ತಿರಲಿಲ್ಲ. 'ಆ' ಸ್ವರದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಕೆಳಸಾಲಿನ ಮುಂದಿನ ಹಲ್ಲು ಹೊರಕ್ಕೆ ವಾಲಿತ್ತು. ಕೊನೆಯ ಎರಡು ತಿಂಗಳು ಆಕೆ ದಿನಕ್ಕೆ ಮೂರು ಸಲ "ಆ ಅನ್ರಿ" ಎಂದು ಚಮಚದಲ್ಲಿ ಔಷಧಿ ಕುಡಿಸಿದ್ದಳು. ಮೊದಲ ವಾರವೆಲ್ಲ ಚಮಚ ಆ ಹಲ್ಲಿಗೆ ತಾಗಿ ಟಿಕ್ ಅನ್ನುತ್ತಿತ್ತು, ಔಷಧಿ ಗದ್ದಕ್ಕೆ ಇಳಿಯುತ್ತಿತ್ತು. ಎಷ್ಟು ಓರೆ ಹಿಡಿದರೆ ತಾಗುವುದಿಲ್ಲವೆಂದು ಆಮೇಲೆ ಕೈ ಕಲಿತಿತ್ತು. ಈಗ ಖಾಲಿ ಬೆರಳುಗಳು ಹಾಳೆಯ ಮುಂದೆ ತಾವಾಗಿ ಅಷ್ಟೇ ಓರೆಯಾದವು.

"ಇದು ಅವರದೇ," ಎಂದಳು.

ಮಗಳು ಗೋಡೆಯ ಜಲಪಾತದ ಚಿತ್ರ ಬಿಚ್ಚಿ ಕಟ್ಟು ತಂದಳು. ಯಾವ ಸ್ವರ ಇಡುವುದೆಂದು ಚರ್ಚೆ ಹತ್ತಿತು. ಊ ಬೇಡ, ಮುನಿಸಿಕೊಂಡಂತಿದೆ ಎಂದರು ಪಕ್ಕದ ಮನೆಯವರು.

"'ಈ' ಇಡು ಅಕ್ಕ, ನಕ್ಕ ಹಾಗಿದೆ," ಎಂದ ತಮ್ಮ. "'ಆ' ಇಟ್ರೆ ಬಂದೋರಿಗೆಲ್ಲ ಬೈತಿರೋ ಹಾಗೆ ಕಾಣ್ತಾರೆ."

"ಬೈಲಿ ಬಿಡು. ಒಂದು ದಿನವಾದ್ರೂ ಬೈಲಿ," ಎಂದಳು ಅಕ್ಕ.

ಹೂವಿನ ಹಿಂದೆ 'ಆ' ಕೂತಿತು. ಜನ ಒಬ್ಬೊಬ್ಬರಾಗಿ ಮುಂದೆ ಬಂದು ತಲೆ ಬಾಗಿಸಿದರು. ಬಾಗಿಸಿ ಎತ್ತುವಾಗ ಪ್ರತಿಯೊಬ್ಬರ ಕೆನ್ನೆಯೊಳಗೂ ನಾಲಿಗೆ ತನ್ನ ಜಾಗ ಹುಡುಕುತ್ತಿರುವುದು ಹೊರಗೇ ಕಾಣುತ್ತಿತ್ತು.

ಗಾಡಿ ಬಂದು ಹಾರ್ನ್ ಮಾಡಿತು. ಎಲ್ಲರೂ ಬಾಗಿಲ ಕಡೆ ಸರಿದ ಮೇಲೆ ಕಂಡಕ್ಟರ್ ಒಬ್ಬನೇ ಮೇಜಿನ ಮುಂದೆ ಉಳಿದ. ಯಾರೂ ನೋಡುತ್ತಿಲ್ಲವೆಂದುಕೊಂಡು, ಚಿತ್ರದಲ್ಲಿದ್ದಷ್ಟೇ ಗದ್ದ ಎತ್ತಿ, ಸದ್ದಿಲ್ಲದೆ ಬಾಯಿ ತೆರೆದ.

ಹೊಸ್ತಿಲ ಬಳಿ ನಿಂತಿದ್ದ ಅಕ್ಕ ಮನಸ್ಸಿನಲ್ಲೇ ಎಣಿಸತೊಡಗಿದಳು. ಒಂದು. ಎರಡು. ಮೂರು.

ನಾಲ್ಕಕ್ಕೆ ತಮ್ಮನ ಗದ್ದ ನಡುಗಿತು.