ಸದ್ದಿಲ್ಲದೆ ಬಂದ ಬಸ್ಸು

ಆ ಕಂಪನಿಯ ಬಸ್ಸಿಗಿಂತ ಮೊದಲು ಅದರ ಹಾರ್ನ್ ಊರಿಗೆ ಬರುತ್ತಿತ್ತು. ದೊಡ್ಡ ಯಜಮಾನರು ಒಂದೇ ಒಂದು ಹಳೇ ಬಸ್ಸು ಕೊಂಡು, ತಾವೇ ಸ್ಟಿಯರಿಂಗ್ ಹಿಡಿದು, ಯಾರೂ ಗಾಡಿ ಓಡಿಸದ ಆ ಗುಡ್ಡದ ದಾರಿಗೆ ನುಗ್ಗಿದ ಕಾಲದಿಂದಲೂ ಹಾಗೆಯೇ. ಪ್ರತಿ ಊರು ಬರುವ ಮೊದಲಿನ ತಿರುವಿನಲ್ಲಿ ಉದ್ದಕ್ಕೆ ಒಂದು ಸಲ ಒತ್ತಬೇಕು. ಆ ಸದ್ದಿಗೆ ಜನ ಒಲೆಯ ಮೇಲಿನ ಪಾತ್ರೆ ಇಳಿಸಿ, ಚಪ್ಪಲಿ ಮೆಟ್ಟಿ ಓಡಿಬರುತ್ತಿದ್ದರು. ಔಷಧಿ, ರಿಪೇರಿಯಾದ ಕನ್ನಡಕ, ಹೊಲಿದ ಬಟ್ಟೆ, ಹೆಣ್ಣಿನ ಮನೆಯವರ ಒಪ್ಪಿಗೆ, ಗಂಡಿನ ಮನೆಯವರ ತಕರಾರು, ಎಲ್ಲವೂ ಅದರಲ್ಲೇ ಬರಬೇಕು. ಆ ಊರುಗಳಿಗೆ ಫೋನಿನ ತಂತಿ ಇನ್ನೂ ಹತ್ತಿರಲಿಲ್ಲ.

ಹೆಣವೂ ಅದರಲ್ಲೇ ಬರುತ್ತಿತ್ತು. ಪೇಟೆಯ ಆಸ್ಪತ್ರೆಯಲ್ಲಿ ಸತ್ತವರನ್ನು ಗುಡ್ಡ ಹತ್ತಿಸಲು ಬೇರೆ ಯಾವ ಗಾಡಿಯೂ ಒಪ್ಪುತ್ತಿರಲಿಲ್ಲ. ದೊಡ್ಡ ಯಜಮಾನರು ಹಿಂದಿನ ಸೀಟು ಬಿಚ್ಚಿಸಿ ಜಾಗ ಮಾಡಿಸಿದ್ದರು. ಸತ್ತವರಿಗೆ ಟಿಕೆಟ್ ಇಲ್ಲ. ಆದರೆ ಒಂದು ಕಟ್ಟಳೆ ಇತ್ತು: ಹೆಣ ಇರುವ ದಿನ ದಾರಿಯುದ್ದಕ್ಕೂ ಹಾರ್ನ್ ಮುಟ್ಟಬಾರದು. ಕುರುಡು ತಿರುವು ಬಂದರೆ ಕಂಡಕ್ಟರ್ ಇಳಿದು ಮುಂದೆ ನಡೆದು, ದಾರಿ ನೋಡಿ, ಕೈಸನ್ನೆ ಮಾಡಬೇಕು. ಹಾರ್ನ್ ಇಲ್ಲದೆ ಬರೀ ಇಂಜಿನ್ನಿನ ಗುರುಗುಟ್ಟುವಿಕೆ ಕೇಳಿದರೆ ಊರಿಗೆ ಊರೇ ಕೆಲಸ ಬಿಟ್ಟು ರಸ್ತೆಬದಿಗೆ ಬಂದು ನಿಲ್ಲುತ್ತಿತ್ತು. ಯಾರ ಮನೆಯದು ಎಂದು ಬಸ್ಸು ನಿಲ್ಲುವವರೆಗೂ ಗೊತ್ತಾಗುತ್ತಿರಲಿಲ್ಲ.

ಈ ಕಟ್ಟಳೆಯನ್ನು ಕೆಂಡನಷ್ಟು ಬಲ್ಲವನು ಇನ್ನೊಬ್ಬನಿರಲಿಲ್ಲ. ಮುಟ್ಟಿದರೆ ಸುಡುತ್ತಾನೆ ಎಂದು ಡಿಪೋದವರು ಅವನಿಗೆ ಇಟ್ಟ ಹೆಸರು ಅದು. ತಲೆ ನರೆಯುವಷ್ಟು ಕಾಲ ಅದೇ ದಾರಿಯಲ್ಲಿ ಅದೇ ಬಸ್ಸು ಓಡಿಸಿದ್ದ. ದಾರಿಯ ಕೊನೆಯ ಊರು ಅವನ ಅಕ್ಕನದು.

ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಅಕ್ಕನ ಮಗ ಕೂತಿದ್ದ. ಹೊಟ್ಟೆಯಲ್ಲಿ ಕರುಳು ತಿರುಚಿಕೊಂಡು, ಇದೇ ಬಸ್ಸಿನಲ್ಲಿ ನರಳುತ್ತಾ ಪೇಟೆಗೆ ಇಳಿದಿದ್ದವನು. ಗ್ಯಾರಂಟಿ ಹೇಳಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಆ ಮಾತನ್ನೂ ಕೆಂಡನೇ ಹೋಗಿ ಅಕ್ಕನಿಗೆ ಮುಟ್ಟಿಸಿದ್ದ. ಅವಳು ಅಳಲಿಲ್ಲ. ಬಸ್ಸಿನ ಬಾಗಿಲ ಸರಳು ಹಿಡಿದು, "ಲೋ, ಕರ್ಕೊಂಡು ಬರೋದಾದ್ರೆ ಹಾರ್ನ್ ಹೊಡ್ಕೊಂಡು ಬಾ. ಇಲ್ದಿದ್ರೆ ನೀನೂ ಬರ್ಬೇಡ" ಅಂದಿದ್ದಳು. ಹುಡುಗ ಬದುಕಿಬಿಟ್ಟ. ಮನೆಗೆ ಹೋಗಬಹುದು ಎಂದು ಡಾಕ್ಟರು ಆ ಬೆಳಿಗ್ಗೆಯೇ ಹೇಳಿದ್ದರು. ಅಕ್ಕನಿಗೆ ಇನ್ನೂ ಗೊತ್ತಿರಲಿಲ್ಲ.

ಬಸ್ಸು ಹೊರಡಿಸುವಾಗ ಕೆಂಡ ರೂಢಿಯಂತೆ ಹಾರ್ನಿಗೆ ಕೈ ಹಾಕಿದ. ಅಲ್ಲಿ ಕತ್ತರಿಸಿದ ರಬ್ಬರ್ ಕೊಳವೆ ಮಾತ್ರ ನೇತಾಡುತ್ತಿತ್ತು. ದೊಡ್ಡ ಯಜಮಾನರ ಕಾಲದ ಹಿತ್ತಾಳೆ ಹಾರ್ನ್ ಇರಲಿಲ್ಲ.

"ಯಾವನೋ ಅವನು, ನನ್ನ ಹಾರ್ನ್ ಬಿಚ್ಚಿದೋನು?" ಎಂದು ಅವನು ಇಳಿದು ಗರ್ಜಿಸಿದ್ದಕ್ಕೆ ಮೆಕ್ಯಾನಿಕ್ ಇನ್ನೊಂದು ಗಾಡಿಯ ಕೆಳಗಿನಿಂದ ಹೊರಗೆ ಬರಲೇ ಇಲ್ಲ. ಆಫೀಸಿನ ಬಾಗಿಲಿಗೆ ಚಿಕ್ಕ ಯಜಮಾನ ಬಂದ. ದೊಡ್ಡವರ ಮಗ. ಅಪ್ಪ ತೀರಿಕೊಂಡ ಮೇಲೆ ಕಂಪನಿ ಇವನದು.

"ನಾನೇ ಬಿಚ್ಚಿಸಿದ್ದು. ನಾಳೆ ಕಂಪನಿಯ ಮೂವತ್ತನೇ ವರ್ಷದ ಸಮಾರಂಭ. ಹೊಸ ಬಸ್ಸಲ್ಲಿ ಅಪ್ಪನ ಹಾರ್ನ್ ಕೂಗಿದ್ರೆ ಅದರ ಗತ್ತೇ ಬೇರೆ. ಎರಡು ದಿನ ಸುಧಾರಿಸ್ಕೋ."

"ನಿಮ್ಮ ಗತ್ತಿಗೆ ಬೆಂಕಿ ಬೀಳ! ಹಾರ್ನ್ ಇಲ್ದೆ ಗುಡ್ಡ ಹತ್ತಿದ್ರೆ ಜನ ಏನಂದ್ಕೋತಾರೆ ಗೊತ್ತೇನ್ರೀ?"

"ಆ ಕಾಲ ಮುಗೀತು ಕಣಯ್ಯ. ಹೆಣ, ಗಿಣ ಅಂತ ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀಯ. ನಿನಗಾಗಲ್ಲ ಅಂದ್ರೆ ಹೇಳು, ಇವತ್ತು ಈ ಟ್ರಿಪ್ ರದ್ದು."

ಕೆಂಡ ಕೀಲಿ ಅವನ ಮುಖಕ್ಕೆ ಎಸೆಯಬೇಕಿತ್ತು. ಬೇರೆ ದಿನವಾಗಿದ್ದರೆ ಎಸೆಯುತ್ತಿದ್ದ. ಆದರೆ ಅಕ್ಕನ ಮಗ ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಟ್ರಿಪ್ ತಪ್ಪಿದರೆ ಅಲ್ಲಿ ಅಕ್ಕ ಇನ್ನೊಂದು ದಿನ ದಾರಿ ಕಾಯಬೇಕು. ಕೆಂಡ ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದ.

ಮೊದಲ ಊರು ಸೇತುವೆಯ ಆಚೆಗಿತ್ತು. ಬಸ್ಸು ಸೇತುವೆ ದಾಟುವಷ್ಟರಲ್ಲಿ ಅಂಗಡಿಯವನು ಬಾಗಿಲು ಅರ್ಧ ಎಳೆದಿದ್ದ. ಜನ ಸಾಲಾಗಿ ನಿಂತು ಕಿಟಕಿಗಳನ್ನು ನೋಡುತ್ತಿದ್ದರು. ಒಬ್ಬ ಮುದುಕಿ ಆಗಲೇ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಕಂಡಕ್ಟರ್ ಉದ್ದಣ್ಣ ಬಾಗಿಲಲ್ಲಿ ಜೋತುಬಿದ್ದು ಕೂಗಿದ:

"ಯಾರೂ ಸತ್ತಿಲ್ಲ ಕಣ್ರಪ್ಪೋ! ಹಾರ್ನ್ ಸತ್ತಿದೆ ಅಷ್ಟೇ!"

"ಥೂ ನಿನ್ನ! ಹೋಗಿದ್ದ ಜೀವ ಈಗ ವಾಪಸ್ ಬಂತು ನೋಡು" ಎಂದು ಮುದುಕಿ ಅವನ ಕಾಲಿಗೆ ಚೀಲದಿಂದ ಬಡಿದಳು. ಬಸ್ಸಿನವರೆಲ್ಲ ನಕ್ಕರು.

"ಮಾಮಾ, ಎಲ್ರೂ ನನ್ನನ್ನೇ ನೋಡ್ತಿದ್ದಾರೆ. ಹೆಣದ ಕಡೆಯಿಂದ ಒಂದು ಸಲ ಕೈ ಬೀಸ್ಲಾ?" ಅಂದ ಅಕ್ಕನ ಮಗ.

"ಬಾಯ್ಮುಚ್ಕೊಂಡು ಕೂತ್ಕೋ. ನಕ್ಕರೆ ಹೊಲಿಗೆ ಬಿಚ್ಚುತ್ತೆ."

ಬೈದರೂ ಕೆಂಡನಿಗೂ ತುಟಿಯಂಚಿನಲ್ಲಿ ನಗು ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು ಅದು. ಆದರೆ ಎರಡನೇ ಊರಲ್ಲೂ ಹಾಗೇ ಆಯಿತು, ಮೂರನೆಯದರಲ್ಲೂ ಹಾಗೇ. ಆಸ್ಪತ್ರೆಯಲ್ಲಿ ಗಂಡನನ್ನು ಬಿಟ್ಟುಬಂದಿದ್ದ ಹೆಂಗಸೊಬ್ಬಳು ರಸ್ತೆಯಲ್ಲೇ ಕುಸಿದು ಕೂತಳು. ಉದ್ದಣ್ಣ ಎಷ್ಟು ಹೇಳಿದರೂ ನಂಬದೆ, ಬಸ್ಸು ಹತ್ತಿ ಹಿಂದಿನ ಜಾಗ ಖಾಲಿ ಇರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಇಳಿದಳು. ಆಮೇಲೆ ಯಾರೂ ನಗಲಿಲ್ಲ. ಕೆಂಡನಿಗೆ ಅಕ್ಕ ಕಣ್ಣಿಗೆ ಕಟ್ಟತೊಡಗಿದಳು.

ತಿರುವು ಬಂದಾಗಲೆಲ್ಲ ಉದ್ದಣ್ಣ ಇಳಿದು ಮುಂದೆ ನಡೆದು ಕೈ ಬೀಸುತ್ತಿದ್ದ. ಹೆಣ ಹೊತ್ತ ದಿನ ಮಾಡುತ್ತಿದ್ದ ಹಾಗೆಯೇ. ಅದರಿಂದ ಬಸ್ಸು ತಡವಾಯಿತು. ಕೊನೆಯ ಊರಿಗೆ ಇಳಿಯುವ ಇಳಿಜಾರಿನ ನೆತ್ತಿಯಲ್ಲಿ ಕೆಂಡ ಬಸ್ಸು ನಿಲ್ಲಿಸಿದ. ಅಲ್ಲಿಂದ ಇಂಜಿನ್ನಿನ ಸದ್ದು ಕೆಳಗಿನ ಊರಿಗೆ ಚೆನ್ನಾಗಿ ಕೇಳುತ್ತದೆ. ದಿನಾ ಹಾರ್ನ್ ಒತ್ತುತ್ತಿದ್ದ ಜಾಗವೂ ಅದೇ.

"ಉದ್ದಣ್ಣ, ನಮ್ಮಕ್ಕ ಆಗಲೇ ಕೇಳಿಸ್ಕೊಂಡಿರ್ತಾಳೆ ಕಣೋ. ಅವಳಿಗೆ ಏನಾದ್ರೂ ಆದ್ರೆ?"

"ಹಾರ್ನ್ ಇಲ್ದಿದ್ರೇನು? ಇಷ್ಟು ಜನರ ಗಂಟಲಿಲ್ವಾ!" ಉದ್ದಣ್ಣ ಒಳಗೆ ತಿರುಗಿದ. "ಎಲ್ರೂ ಕೂಗ್ರಪ್ಪ! ಗಂಟಲು ಹರಿಯೋ ಹಾಗೆ ಕೂಗಿ! ಹುಡುಗ ಬದುಕಿದ್ದಾನೆ ಅನ್ನಿ!"

ಎಲ್ಲರೂ ಕೂಗಿದರು. ಬಸ್ಸಿನ ತಗಡು ಬಡಿದರು. ಹೆಂಗಸರ ದನಿಯೇ ಎಲ್ಲಕ್ಕಿಂತ ಮೇಲಿತ್ತು. ಇಷ್ಟು ಗದ್ದಲದ ಮೇಲೆ ತಿರುವಿನಲ್ಲಿ ಇಳಿದು ನಡೆಯುವುದೇಕೆ ಎಂದು ಉದ್ದಣ್ಣನಿಗೂ ಅನ್ನಿಸಿತು, ಕೆಂಡನಿಗೂ ಅನ್ನಿಸಿತು. ಬೇಗ ಮುಟ್ಟಿದರೆ ಸಾಕಿತ್ತು. ಕೆಂಡ ಬ್ರೇಕ್ ಬಿಟ್ಟ.

ಗುಡ್ಡದ ಗಾಳಿ ಮಾತನ್ನು ಹೊರುವುದಿಲ್ಲ, ದನಿಯನ್ನು ಮಾತ್ರ ಹೊರುತ್ತದೆ. ಕೆಳಗಿನ ಊರಿನವರಿಗೆ ಕೇಳಿದ್ದು ಹಾರ್ನ್ ಇಲ್ಲದ ಇಂಜಿನ್ನು, ಅದರ ಮೇಲೆ ಹೆಂಗಸರ ಗೋಳು. ಬಸ್ಸಿನವರೆಲ್ಲ ಅಳುತ್ತಿದ್ದಾರೆ ಅಂದುಕೊಂಡರು. ಅಕ್ಕ ಅಂಗಳದಲ್ಲಿ ಹರವಿದ್ದ ಬಟ್ಟೆಯನ್ನು ಹಾಗೇ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಮಗನನ್ನು ಎದುರುಗೊಳ್ಳಲು ಇಳಿಜಾರನ್ನು ಹತ್ತಿ ಓಡಿದಳು. ಹಿಡಿಯಲು ಹೋದವರಿಗೆ ಸಿಗಲಿಲ್ಲ. ಇದೆಲ್ಲ ಕೆಂಡನಿಗೆ ಆಮೇಲೆ ಗೊತ್ತಾದದ್ದು.

ಬಂಡೆಯ ತಿರುವಿನಲ್ಲಿ ಅವನಿಗೆ ಕಂಡದ್ದು ಬಿಳಿಯ ಬಟ್ಟೆ. ಬ್ರೇಕಿನ ಮೇಲೆ ಅವನು ಎದ್ದೇ ನಿಂತ. ಬಸ್ಸು ನಿಂತಿತು, ಆದರೆ ಅವಳನ್ನು ದಾಟಿ ನಿಂತಿತು. ಹಿಂದಿನವರಿಗೆ ಗೊತ್ತಾಗದೆ ಇನ್ನೂ ಕೂಗುತ್ತಲೇ ಇದ್ದರು: "ಬದುಕಿದ್ದಾನೆ! ಬದುಕಿದ್ದಾನೆ!"

ಅದೇ ಬಸ್ಸಿನಲ್ಲಿ ಅವಳನ್ನು ಪೇಟೆಗೆ ಇಳಿಸಿದರು. ಆ ರಾತ್ರಿ ಹೆಣ ಆಸ್ಪತ್ರೆಯಲ್ಲಿ, ಕೆಂಡ ಪೊಲೀಸ್ ಸ್ಟೇಷನ್ನಿನಲ್ಲಿ, ಬಸ್ಸು ಸ್ಟೇಷನ್ನಿನ ಅಂಗಳದಲ್ಲಿ.

ಮರುದಿನ ಹೆಣ ಕೊಯ್ದು, ಹೊಲಿದು, ಬಟ್ಟೆ ಸುತ್ತಿ ಕೊಟ್ಟರು. ಚಿಕ್ಕ ಯಜಮಾನ ಸ್ಟೇಷನ್ನಿಗೆ ಬಂದು ಇನ್ಸ್‌ಪೆಕ್ಟರ ಮುಂದೆ ಕೈಮುಗಿದು ನಿಂತ. "ನಮ್ಮ ಕಂಪನಿಯ ಪದ್ಧತಿ ಸಾರ್. ಊರಿಗೆ ನಾವೇ ಮುಟ್ಟಿಸ್ತೀವಿ. ಬೇರೆ ಡ್ರೈವರ್ ಕಳಿಸ್ತೀನಿ. ನಮ್ಮ ಮೆಕ್ಯಾನಿಕ್ ರಾತ್ರಿನೇ ಇಲ್ಲಿಗೆ ಬಂದು ಗಾಡಿ ನೋಡಿದ್ದಾನೆ." ಅಕ್ಕನನ್ನು ಬಸ್ಸಿನ ಹಿಂದಿನ ಜಾಗದಲ್ಲಿ ಮಲಗಿಸಿದರು. ಮಗ ಹೊಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತ.

"ತಿರುವಲ್ಲಿ ಯಾಕೆ ಹಾರ್ನ್ ಹೊಡೀಲಿಲ್ಲ?" ಇನ್ಸ್‌ಪೆಕ್ಟರು ಕೇಳಿದ್ದು ಅದೊಂದೇ.

"ಹಾರ್ನ್ ಇರ್ಲಿಲ್ಲ ಸಾರ್. ಇವನೇ ಬಿಚ್ಚಿಸಿದ್ದು. ಕೇಳಿ ಅವನನ್ನ!"

"ಪಾಪ, ತಲೆ ಕೆಟ್ಟಿದೆ ಸಾರ್. ಒಡಹುಟ್ಟಿದೋಳಲ್ವಾ. ನಮ್ಮ ಯಾವ ಗಾಡೀನೂ ಹಾರ್ನ್ ಇಲ್ದೆ ಡಿಪೋ ದಾಟಲ್ಲ. ಕಂಡಕ್ಟರ್‌ನ ಕೇಳಿ."

ಉದ್ದಣ್ಣ ಗೋಡೆಗೆ ಒರಗಿ ನಿಂತಿದ್ದ. ಕೂಗಿ ಕೂಗಿ ಅವನ ಗಂಟಲು ಕಟ್ಟಿಹೋಗಿತ್ತು. ತಿರುವಿನಲ್ಲಿ ಇಳಿಯದಿದ್ದವನು ತಾನು ಎಂಬುದು ಅವನಿಗೆ ಗೊತ್ತಿತ್ತು. ಅದು ಚಿಕ್ಕ ಯಜಮಾನನಿಗೂ ಗೊತ್ತಿತ್ತು. ಉದ್ದಣ್ಣ ಕೆಂಡನ ಮುಖ ನೋಡದೆ, "ಇತ್ತು ಸಾರ್" ಅಂದ.

ಕೆಂಡ ಎದ್ದು ನುಗ್ಗಿದ. ಇಬ್ಬರು ಪೊಲೀಸರು ಅವನ ತೋಳು ಹಿಡಿದರು. "ಬನ್ನಿ, ನೋಡೇ ಬಿಡೋಣ" ಎಂದು ಇನ್ಸ್‌ಪೆಕ್ಟರು ಅಂಗಳಕ್ಕೆ ಇಳಿದರು.

ಡ್ರೈವರ್ ಸೀಟಿನ ಪಕ್ಕದಲ್ಲಿ, ತನ್ನ ಹಳೇ ಜಾಗದಲ್ಲಿ, ಹಿತ್ತಾಳೆ ಹಾರ್ನ್ ಕೂತಿತ್ತು. ಹೊಸ ರಬ್ಬರ್ ಕೊಳವೆ. ಸಮಾರಂಭಕ್ಕೆಂದು ಉಜ್ಜಿದ್ದ ಹೊಳಪು ಹಾಗೇ ಇತ್ತು.

ಕೆಂಡನ ಸಿಟ್ಟೆಲ್ಲ ಒಮ್ಮೆಗೇ ಎಲ್ಲಿಗೋ ಇಳಿದುಹೋಯಿತು. ಇನ್ಸ್‌ಪೆಕ್ಟರ ಕೈ ಅದರತ್ತ ಹೋಗುವುದು ಕಂಡು, "ಬೇಡ ಸಾರ್" ಅಂದ. ಅವನು ಯಾರ ಮುಂದೆಯೂ ಆ ದನಿಯಲ್ಲಿ ಮಾತಾಡಿದವನಲ್ಲ. "ಇತ್ತು ಅಂತಲೇ ಬರ್ಕೊಳ್ಳಿ. ನಾನೇ ಒತ್ತಲಿಲ್ಲ ಅಂತ ಬರ್ಕೊಳ್ಳಿ. ಅದನ್ನ ಮಾತ್ರ ಒತ್ತಬೇಡಿ. ಒಳಗೆ ನಮ್ಮಕ್ಕ ಇದ್ದಾಳೆ."

ಇನ್ಸ್‌ಪೆಕ್ಟರಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಬೇಕಾದ ಚಿಕ್ಕ ಯಜಮಾನ ಅವರಿಗೆ ದಾರಿ ಬಿಟ್ಟು ಸರಿದ.

ಹಾರ್ನ್ ಉದ್ದಕ್ಕೆ, ತುಂಬುಗಂಟಲಲ್ಲಿ ಕೂಗಿತು. ರಸ್ತೆಯಾಚೆಯ ಚಹಾ ಅಂಗಡಿಯಲ್ಲಿ ಗುಡ್ಡದ ಬಸ್ಸಿಗೆ ಕಾಯುತ್ತಿದ್ದವರು ಲೋಟ ಕೆಳಗಿಟ್ಟು, ಚೀಲ ಎತ್ತಿಕೊಂಡು, ನಗುನಗುತ್ತಾ ಓಡಿಬಂದರು.