ಬಂಡೆಯ ಮೇಲೆ ಕೂತದ್ದು

ಆ ವರ್ಷ ಅವರೆಕಾಯಿ ಕಾಲಕ್ಕೆ ದೊಡ್ಡೇರಿ ಕಡೆ ಚಿರತೆ ನೋಡದವರೇ ಇರಲಿಲ್ಲ. ಒಬ್ಬನಿಗೆ ಅದು ಕೆರೆ ಏರಿಯ ಮೇಲೆ ಅಡ್ಡ ಬಂತು. ಇನ್ನೊಬ್ಬನ ಬೈಕಿನ ಲೈಟಿಗೆ ಎರಡು ಕಣ್ಣು ಮಿಂಚಿದವು. ಮತ್ತೊಬ್ಬ ಹೊಳವನಹಳ್ಳಿ ಸಂತೆ ಮುಗಿಸಿಕೊಂಡು ಬರುವಾಗ ಅದು ಮರಿ ಕಚ್ಚಿಕೊಂಡು ಹೋಗುವುದನ್ನೇ ಕಂಡ. ಯಾವುದೋ ಸೀಮೆಯ ಟೀ ತೋಟದ ವಿಡಿಯೊ ಫೋನಿಂದ ಫೋನಿಗೆ ಹಾರಿ, ಸಂಜೆಯಾಗುವಷ್ಟರಲ್ಲಿ ಮಧುಗಿರಿ ರಸ್ತೆಯದೇ ಆಗಿಬಿಡುತ್ತಿತ್ತು. ಮಧುಗಿರಿಯಲ್ಲಿ ಟೀ ಗಿಡ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಡೈರಿಯಲ್ಲಿ ಹಾಲು ಅಳೆಯುವ ಅಶ್ವತ್ಥ ಮಾತ್ರ, ಇಷ್ಟೊಂದು ಚಿರತೆ ಇರುವುದಾದರೆ ಅವಕ್ಕೂ ಒಂದು ಸಂಘ ಮಾಡಿ ಪಾಸ್‌ಬುಕ್ ಕೊಟ್ಟುಬಿಡೋಣ ಎಂದು ನಗಿಸುತ್ತಿದ್ದ.

ಇದನ್ನೆಲ್ಲ ಕೇಳಿಯೂ ಕೇಳದವಳಂತೆ ಹಾಲು ಹಾಕಿ ಸರಸರ ನಡೆದುಬಿಡುತ್ತಿದ್ದವಳು ಆಶಾರಾಣಿ. ಅವಳಿಗೆ ಚಿರತೆಯ ಮಾತಿಗೆ ನಿಲ್ಲುವಷ್ಟು ಪುರುಸೊತ್ತಿರಲಿಲ್ಲ. ಊರಾಚೆ, ಗುಡ್ಡದ ಬುಡದಲ್ಲಿ ಅವಳ ಕೋಳಿ ಶೆಡ್ಡು. ಶೆಡ್ಡಿಗೆ ಅಂಟಿದಂತೆ ಮನೆ. ಗಂಡ ರಂಗೇಶ್ ತರಕಾರಿ ಟೆಂಪೊ ಓಡಿಸುತ್ತಿದ್ದ. ವಾರದಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ ಇರುತ್ತಿದ್ದ. ಮರಿ, ಮೇವು, ಔಷಧಿ ಎಲ್ಲ ಕಂಪನಿ ಕೊಡುತ್ತಿತ್ತು. ಸಾಕುವುದು ಇವಳ ಪಾಲು. ಹೊಟ್ಟು ಹರಡಬೇಕು, ನೀರು ತುಂಬಿಸಬೇಕು, ಚಳಿಗೆ ಪರದೆ ಇಳಿಸಬೇಕು, ಬಿಸಿಲಿಗೆ ಎತ್ತಬೇಕು. ನಡುವೆ ಹಸು, ಒಲೆ, ಐದನೇ ಕ್ಲಾಸಿನ ಮಗಳು ತೇಜಸ್ವಿನಿ. ಮಗಳ ತಲೆ ಬಾಚುವಾಗಲೂ ಆಶಾರಾಣಿಯ ಕಿವಿ ಶೆಡ್ಡಿನ ಕಡೆಗೇ ಇರುತ್ತಿತ್ತು. ಕೋಳಿಗಳ ಸದ್ದು ಸ್ವಲ್ಪ ಬದಲಾದರೂ ಬಾಚಣಿಗೆಯನ್ನು ಜಡೆಯಲ್ಲೇ ಬಿಟ್ಟು ಓಡುತ್ತಿದ್ದಳು.

ಅಷ್ಟು ಕೋಳಿ ಸಾಕಿದ ಮೇಲೆ ದಿನಾ ಕೆಲವು ಸಾಯುತ್ತವೆ. ಅವನ್ನು ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಬೇಕೆಂಬುದು ಕಂಪನಿಯ ಕಟ್ಟಪ್ಪಣೆ. ಸೂಪರ್‌ವೈಸರ್ ನವೀನ್ ಕುಮಾರ್ ಮೊದಲ ದಿನವೇ ಹೇಳಿದ್ದ: ಹೊರಗೆ ಎಸೆದದ್ದು ಗೊತ್ತಾದರೆ ರೋಗ ಹರಡುತ್ತದೆ, ಕಾಡುಪ್ರಾಣಿ ಬರುತ್ತವೆ, ಆಮೇಲೆ ನಿಮ್ಮ ಶೆಡ್ಡಿಗೆ ಮರಿ ಇಳಿಸುವುದಿಲ್ಲ ಅಕ್ಕ. ಆಶಾರಾಣಿ ಮೊದಮೊದಲು ಹೂತಳು. ಆದರೆ ಗುಡ್ಡದ ಬುಡದ ನೆಲ. ಮೊಣಕಾಲುದ್ದ ಅಗೆದರೆ ಬಂಡೆ ಹತ್ತಿ ಹಾರೆ ಠಣ್ ಎಂದು ಕೈಗೇ ವಾಪಸು ಬರುತ್ತಿತ್ತು. ಒಂದು ದಿನ ಸೊಂಟ ಹಿಡಿದುಕೊಂಡಾಗ, ಇವತ್ತೊಂದು ದಿನ ಎಂದುಕೊಂಡು ಸತ್ತ ಕೋಳಿಗಳನ್ನು ಫೀಡ್ ಚೀಲಕ್ಕೆ ತುಂಬಿ, ಹಿಂದಿನ ಬಂಡೆಗಳ ಸಂದಿಗೆ ಸುರಿದು ಬಂದಳು. ಮಾರನೆಯ ದಿನ ನೋಡಿದರೆ ಸಂದು ಗುಡಿಸಿಟ್ಟಂತಿತ್ತು. ಊರ ನಾಯಿಗಳು ಪಾಲು ಮಾಡಿಕೊಂಡಿರಬೇಕು, ಅವಕ್ಕೂ ಹೊಟ್ಟೆ ಇದೆಯಲ್ಲ ಎಂದುಕೊಂಡಳು. ಇವತ್ತೊಂದು ದಿನ ಎಂದದ್ದು ಆಮೇಲೆ ದಿನದ ರೂಢಿಯಾಯಿತು.

ತೇಜಸ್ವಿನಿ ಅದನ್ನು ಕಂಡದ್ದು ಒಂದು ಸಂಜೆ, ನೀರಿನ ಸಿಂಟೆಕ್ಸಿನ ಪಕ್ಕದ ಕಟ್ಟೆಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದಾಗ. ಅವಳು ಕಿರುಚಲಿಲ್ಲ, ಓಡಲೂ ಇಲ್ಲ. ಪುಸ್ತಕ ಎದೆಗೆ ಒತ್ತಿಕೊಂಡು ಮೆಲ್ಲಗೆ ಶೆಡ್ಡಿನೊಳಗೆ ಬಂದು ಅಮ್ಮನ ಸೆರಗು ಹಿಡಿದಳು. ಅವಳ ಮುಖದಲ್ಲಿ ಹೆದರಿಕೆಗಿಂತ ಹಿಗ್ಗೇ ಹೆಚ್ಚಿತ್ತು.

"ಅಮ್ಮ, ಬಂಡೆ ಮೇಲೆ ಚಿರತೆ ಕೂತೈತೆ. ನಮ್ಮ ಬೆಕ್ಕು ಕೂರ್ತದಲ್ಲ, ಅಂಗೇ. ಕಾಲು ನೆಕ್ಕೊಂತೈತೆ. ಅದ್ರ ಮೀಸೆಗೆ ಬಿಳೀ ಪುಕ್ಕ ಅಂಟ್ಕೊಂಡೈತಮ್ಮ."

ಪುಕ್ಕ ಎಂದ ಕೂಡಲೇ ಆಶಾರಾಣಿಗೆ ಎಲ್ಲ ಗೊತ್ತಾಗಿಹೋಯಿತು. ಮಗಳ ಮಾತನ್ನು ಅವಳು ನಂಬದೆ ಇರಲಿಲ್ಲ. ಆ ಗಳಿಗೆಯಲ್ಲೇ, ಪೂರ್ತಿ ನಂಬಿದಳು. ಆಮೇಲೆ ಎಷ್ಟೋ ಸಲ ಅವಳನ್ನು ಕೊರೆದದ್ದು ಇದೇ. ನಂಬದೆ ಗದರಿದ್ದರೆ ಅದೊಂದು ತಪ್ಪು ತಿಳುವಳಿಕೆ ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಆಗ ಅವಳ ಕಣ್ಣ ಮುಂದೆ ಬಂದದ್ದು ನವೀನ್ ಕುಮಾರನ ಮುಖ ಮತ್ತು ಮರಿಗಳಿಲ್ಲದೆ ಬಿಕೋ ಎನ್ನುವ ಶೆಡ್ಡು.

"ನಾಯಿ ಅದು" ಎಂದಳು.

"ನಾಯಿ ಅಲ್ಲ ಕಣಮ್ಮ, ಬಾಲ ಇಷ್ಟುದ್ದ..."

"ನಾಯಿ ಅಂದ್ನಲ್ಲ. ಯಾರ ಮುಂದಾದ್ರೂ ಚಿರತೆ ಗಿರತೆ ಅಂದೀಯ, ಜೋಕೆ."

ಮಗಳು, ಸೆರಗು ಬಿಟ್ಟು ಬಾಲದ ಉದ್ದ ತೋರಿಸಲು ಅಗಲಿಸಿದ್ದ ಎರಡು ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದವಳಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಇಳಿಸಿದಳು.

ಅದೇ ವಾರ ಹನುಮಕ್ಕನೂ ಆ ಬಂಡೆಗಳ ಬಳಿಯೇ ಚಿರತೆ ಕಂಡಳು. ಹನುಮಕ್ಕ ರಂಗೇಶನಿಗೆ ದೂರದ ಸೋದರತ್ತೆ. ಆಶಾರಾಣಿಯೂ ಅತ್ತೆ ಎಂದೇ ಕರೆಯುತ್ತಿದ್ದಳು. ಶೆಡ್ಡಿನಿಂದ ಕೂಗಳತೆಯಲ್ಲಿ ಅವಳ ಮನೆ, ಮನೆಯ ಪಕ್ಕ ತೆಂಗಿನ ಗರಿ ಹೊದಿಸಿದ ಮೇಕೆ ರೊಪ್ಪ. ಆಶಾರಾಣಿ ಹೆರಿಗೆಯಾಗಿ ಬಂದಾಗ ಮೇಕೆ ಹಾಲು ಕಾಸಿ, ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದವಳು ಅವಳೇ. ಊರಿನಲ್ಲಿ ಚಿರತೆ ಕಂಡವರ ಮಾತನ್ನೆಲ್ಲ ಬಾಯಿ ಬಿಟ್ಟು ಕೇಳಿದ ಜನ, ಹನುಮಕ್ಕನ ಮಾತಿಗೆ ಮಾತ್ರ ನಕ್ಕರು. ಅವಳ ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಆಗಬೇಕಿತ್ತು. ಹೊಸ ಕಣ್ಣಿಗೆ ಚಿರತೆ ಕಾಣುತ್ತೆ, ಹಳೇ ಕಣ್ಣಿಗೆ ಬೆಕ್ಕು ಕಾಣುತ್ತೆ, ಎರಡೂ ಸೇರಿದರೆ ಹುಲಿಯಾದೀತು ಎಂದ ಅಶ್ವತ್ಥ. ಹನುಮಕ್ಕ ಅವನ ಮಾತಿಗೆ ಸೊಪ್ಪು ಹಾಕದೆ, ಮೊಮ್ಮಗನಿಂದ ಫಾರೆಸ್ಟ್ ಆಫೀಸಿಗೆ ಫೋನು ಮಾಡಿಸಿಯೇಬಿಟ್ಟಳು.

ಬಂದವನು ವಾಚರ್ ಕದರಪ್ಪ. ಪಾವಗಡದ ಕಡೆಯವನು, ಅವನ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತಿತ್ತು. ದಿನವಿಡೀ ಇಂಥ ಫೋನುಗಳ ಹಿಂದೆ ಸುತ್ತಿ ಅವನಿಗೂ ಸಾಕಾಗಿತ್ತು. ಕೊರಟಗೆರೆ ಹತ್ತಿರ ಚಿರತೆ ಎಂದು ಕರೆದಲ್ಲಿ ಹೋಗಿ ನೋಡಿದರೆ ಗೋಣಿಚೀಲವಂತೆ. ಡೈರಿ ಮುಂದೆ ಸೇರಿದ ಜನಕ್ಕೆ ಅವನು ಹೇಳಿದ್ದಿಷ್ಟು: ಅಜ್ಜಿ ಒಬ್ಬಳ ಮಾತಿಗೆ ಬೋನು ತರಲಾಗದು, ಇನ್ನೊಬ್ಬರಾದರೂ ಅದೇ ಜಾಗದಲ್ಲಿ ಕಂಡಿದ್ದರೆ ಸಾಹೇಬರಿಗೆ ಹೇಳಿ ಕೊಡಿಸುತ್ತೇನೆ.

ಹನುಮಕ್ಕ ಸುತ್ತ ನೋಡಿದಳು. ತಾಯಿಯ ಪಕ್ಕ ಹಾಲಿನ ಖಾಲಿ ಕ್ಯಾನು ಹಿಡಿದು ನಿಂತಿದ್ದ ತೇಜಸ್ವಿನಿ ಕಂಡಳು.

"ಇವ್ಳು ಯಾವಾಗ್ಲೂ ಆ ಕಟ್ಟೆ ಮೇಲೇ ಕೂತಿರ್ತಾಳೆ. ಮಗಾ, ನೀನು ನೋಡಿದ್ದಿಯೇನವ್ವ? ಹೇಳು, ಹೆದರ್ಕಬ್ಯಾಡ."

ತೇಜಸ್ವಿನಿ ಅಮ್ಮನ ಮುಖ ನೋಡಿದಳು. ಆಶಾರಾಣಿಯ ಕೈ ಮಗಳ ಭುಜದ ಮೇಲಿತ್ತು. ಅವಳು ಚಿವುಟಲಿಲ್ಲ, ಒತ್ತಲೂ ಇಲ್ಲ. ಕೈಯನ್ನು ತೆಗೆಯಲೂ ಇಲ್ಲ.

"ನಾಯಿ" ಎಂದಳು ಹುಡುಗಿ. "ಅದು ನಾಯಿ, ಅಜ್ಜಿ."

ಜನ ಗೊಳ್ಳೆಂದು ನಕ್ಕರು. ಕದರಪ್ಪ ಆಯ್ತು ಬಿಡಮ್ಮ ಎಂಬಂತೆ "ಸರ್ಲೇಮ್ಮಾ" ಎಂದು ಬೈಕು ಹತ್ತಿದ. ಹನುಮಕ್ಕ ಮಗುವಿನ ಮುಖವನ್ನೂ ಭುಜದ ಮೇಲಿದ್ದ ಕೈಯನ್ನೂ ನೋಡಿ, ತನ್ನ ಕ್ಯಾನು ಎತ್ತಿಕೊಂಡು ಹೊರಟುಹೋದಳು.

ಆ ರಾತ್ರಿ ಆಶಾರಾಣಿ, ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಶೆಡ್ಡು ಹೋಗುತ್ತದೆ ಎಂಬುದೂ ಬೆನ್ನಿಗೇ ಬಂತು. ಕಡೆಗೆ ಅವಳಿಗೆ ಒಂದು ದಾರಿ ಹೊಳೆಯಿತು: ಕೋಳಿ ಎಸೆಯುವುದನ್ನೇ ನಿಲ್ಲಿಸಿದರೆ ಚಿರತೆ ತಾನಾಗಿ ಬೇರೆ ಕಡೆ ಹೋಗುತ್ತದಲ್ಲ! ರಂಗೇಶ್ ಬಂದಾಗ ಜೆಸಿಬಿ ಕರೆಸಿ ಕೆಳಗಿನ ಹೊಲದ ಮೂಲೆಯಲ್ಲಿ ಆಳವಾದ ಗುಂಡಿ ತೋಡಿಸಿದಳು. ಆವತ್ತಿನ ಕೋಳಿಗಳನ್ನು ಹಾಕಿ, ಸುಣ್ಣ ಚೆಲ್ಲಿ, ಮಣ್ಣು ಎಳೆದಳು. ತಪ್ಪನ್ನೂ ಜೊತೆಗೇ ಹೂತ ಹಾಗೆ ಮನಸ್ಸು ಹಗುರವಾಯಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಗಳು, "ಇನ್ಮೇಲೆ ಅದುಕ್ಕೆ ಊಟ?" ಎಂದಳು.

"ಯಾವುದಕ್ಕೆ?"

ಹುಡುಗಿ ತಡೆದು, "ನಾಯಿಗೆ" ಎಂದಳು.

ಅಷ್ಟು ಸಣ್ಣ ಮಗುವಿಗೆ ಹೊಳೆದದ್ದು ಆಶಾರಾಣಿಗೆ ಹೊಳೆಯಲಿಲ್ಲ. ಕುರಿ ಮೇಕೆಗಳ ನಡುವೆ ಹುಟ್ಟಿ ಬೆಳೆದವಳು. ದಿನಾ ಕಲಗಚ್ಚು ಇಡುವ ಜಾಗದಲ್ಲಿ ಒಂದು ದಿನ ಇಡದಿದ್ದರೆ ಹಸು ಪಕ್ಕದ ಮನೆಯ ಬಾನಿಗೆ ಬಾಯಿ ಹಾಕುತ್ತದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಷ್ಟು ದಿನ ಗುಡ್ಡದಲ್ಲಿದ್ದೂ ಅದು ಊರಿನ ಒಂದು ಕುರಿಯನ್ನೂ ಮುಟ್ಟಿರಲಿಲ್ಲ. ಅದರ ಅಗತ್ಯ ಬಿದ್ದಿರಲಿಲ್ಲ, ಅಷ್ಟೆ.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಹನುಮಕ್ಕನ ರೊಪ್ಪದ ಗರಿ ಕಿತ್ತುಹೋಗಿತ್ತು. ಗಬ್ಬದ ಮೇಕೆಯೊಂದು ಬಾಗಿಲಲ್ಲೇ ಬಿದ್ದಿತ್ತು, ಅದರಾಚೆ ಎಳೆಯ ಮರಿಗಳು. ದೊಡ್ಡ ಹೋತವನ್ನು ಬಂಡೆಗಳ ಕಡೆಗೆ ಎಳೆದೊಯ್ದ ಗುರುತಿತ್ತು. ಹನುಮಕ್ಕ ಅಳುತ್ತಿರಲಿಲ್ಲ. ಗಬ್ಬದ ಮೇಕೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಳಗೆ ಏನಾದರೂ ಮಿಸುಕುತ್ತದೆಯೇ ಎಂದು ನೋಡುತ್ತಾ ಕೂತಿದ್ದಳು. ಅಶ್ವತ್ಥನೂ ಬಂದು ನಿಂತಿದ್ದ. ಆವತ್ತು ತಮಾಷೆ ಬಿಟ್ಟು, ಕಿತ್ತುಬಿದ್ದ ಗರಿಗಳನ್ನು ಎತ್ತಿ ಬದಿಗಿಡುತ್ತಿದ್ದ.

ಈಗ ಬೋನು ಕೇಳುವ ಮೊದಲೇ ಬಂತು. ಟ್ರ್ಯಾಕ್ಟರಿನಲ್ಲಿ ತಂದು ಶೆಡ್ಡಿನ ಹಿಂದೆ ಇಳಿಸಿದರು. ಜಾಗ ನೋಡುವಾಗ ಕದರಪ್ಪ ಬಂಡೆ ಸಂದಿನಿಂದ ಬಿಳಿಯ ಪುಕ್ಕಗಳನ್ನು ಹಿಡಿಯಷ್ಟು ತಂದು, ಇವು ಇಲ್ಲಿಗೆ ಹೇಗೆ ಬಂದವು ಎಂದು ಕೇಳಿದ. ಗಾಳಿಗೆ ಹಾರಿರಬೇಕು ಎಂದಳು ಆಶಾರಾಣಿ. ಅವನು ಅದನ್ನೂ ಸರ್ಲೇಮ್ಮಾ ಎಂದುಕೊಂಡು ಪುಕ್ಕ ಕೆಳಗೆ ಬಿಟ್ಟ. ಗಾಳಿ ಇರಲಿಲ್ಲ, ಪುಕ್ಕಗಳು ನೆಟ್ಟಗೆ ಅವನ ಕಾಲ ಬಳಿಯೇ ಬಿದ್ದವು. ತೇಜಸ್ವಿನಿ ಅದನ್ನು ನೋಡುತ್ತಿದ್ದಳು.

ಬೋನಿಗೆ ಆಮಿಷವಾಗಿ ಇಡಲು ಆಶಾರಾಣಿಯೇ ಕೋಳಿ ಕೊಟ್ಟಳು. ಚಿರತೆ ಒಂದಿಷ್ಟೂ ಸತಾಯಿಸಲಿಲ್ಲ. ವಾರಗಟ್ಟಲೆ ಕಾಯಬೇಕಾದೀತು ಎಂದು ಕದರಪ್ಪ ಹೇಳಿದ್ದ. ಇದು ಮಾರನೆಯ ಬೆಳಕು ಹರಿಯುವಷ್ಟರಲ್ಲಿ, ತನ್ನ ತಟ್ಟೆಗೆ ಬಂದು ಕೂತ ಹಾಗೆ ಒಳಗೆ ಕೂತಿತ್ತು. ಹೆಣ್ಣು ಚಿರತೆ. ಸುದ್ದಿ ಹಬ್ಬಿ ಶಿರಾ ಕಡೆಯಿಂದಲೂ ಜನ ಬೈಕುಗಳಲ್ಲಿ ಬಂದರು. ಕೂಗು, ಸಿಳ್ಳೆ, ಎತ್ತಿ ಹಿಡಿದ ಫೋನುಗಳು. ಅದು ಕಂಬಿಗೆ ತಲೆ ಗುದ್ದಿ ಗುದ್ದಿ ಹಣೆಯ ಚರ್ಮ ಸುಲಿದುಕೊಂಡಿತ್ತು. ಮೂಗಿನ ಮೇಲೆ ರಕ್ತ ಇಳಿಯುತ್ತಿತ್ತು. ಮೀಸೆಗೆ ಬಿಳಿಯ ಪುಕ್ಕ ಅಂಟಿತ್ತು.

ಜನರ ನಡುವೆ ಅಶ್ವತ್ಥ ತೇಜಸ್ವಿನಿಯನ್ನು ಎತ್ತಿ ಹಿಡಿದು, ನೋಡು, ನಿನ್ನ ನಾಯಿ ಇದೇ ಏನೇ ಎಂದ. ಅವನದು ಬರೀ ತಮಾಷೆ. ಹುಡುಗಿ ಬೋನಿನ ಕಡೆ ನೋಡಲಿಲ್ಲ. ಜನರ ತಲೆಗಳ ಮೇಲಿಂದ ಅಮ್ಮನನ್ನು ಹುಡುಕಿ, ಅಮ್ಮನ ಮುಖ ನೋಡಿ, "ಗೊತ್ತಿಲ್ಲ" ಎಂದಳು.

ಮಧ್ಯಾಹ್ನ ಲಾರಿ ಬಂದು ಅದನ್ನು ಒಯ್ದಿತು. ದೂರದ ದೊಡ್ಡ ಕಾಡಿಗೆ ಬಿಟ್ಟರೆಂದು ಕೆಲವರು. ಇಲ್ಲ, ಕ್ಯಾತಗಾನಚೆರ್ಲು ಕಡೆ ಸೋಲಾರ್ ಪ್ಯಾನೆಲ್ಲುಗಳ ಅಡಿ ಬಿಟ್ಟಿದ್ದಾರೆ, ಮೈಲಿಗಟ್ಟಲೆ ನೆರಳಿದೆಯಲ್ಲ ಎಂದು ಅಶ್ವತ್ಥ. ಮುಂದಿನ ವಾರಕ್ಕೆ ಊರು ಅದನ್ನು ಮರೆಯಿತು. ಹೊಸ ಬ್ಯಾಚಿನ ಮರಿಗಳು ಬಂದು ಶೆಡ್ಡು ಚಿಂವ್‌ಗುಟ್ಟತೊಡಗಿತು. ಉಳಿಸಿಕೊಳ್ಳಬೇಕೆಂದಿದ್ದದ್ದನ್ನು ಆಶಾರಾಣಿ ಉಳಿಸಿಕೊಂಡಿದ್ದಳು.

ಒಂದು ದಿನ ಅವಳು ಸಂತೆಯಲ್ಲಿ ಕೊಂಡ ಮೇಕೆಮರಿಯೊಂದನ್ನು ಹಗ್ಗ ಹಿಡಿದು ಹನುಮಕ್ಕನ ಬಾಗಿಲಿಗೆ ಹೋದಳು. ಹೇಳಬೇಕೆಂದೇ ಹೋಗಿದ್ದಳು. ಆದರೆ "ಅತ್ತೆ" ಎಂದವಳೇ ಮರಿಯನ್ನಷ್ಟೆ ಮುಂದಕ್ಕೆ ತಳ್ಳಿದಳು. ಹನುಮಕ್ಕ ಅವರೆಕಾಯಿ ಬಿಡಿಸುತ್ತಿದ್ದಳು, ಬಿಡಿಸುತ್ತಲೇ ಇದ್ದಳು.

"ಬಂಡೆ ಸಂದೀಲಿ ಪುಕ್ಕ ನಾನೂ ನೋಡಿದ್ದೆ ಕಣವ್ವ" ಎಂದಳು. "ಒಬ್ಳೇ ದುಡಿಯೋಳು, ಎಲ್ಲಿ ಅಂತ ಗುಂಡಿ ತೋಡ್ತಾಳೆ ಅಂತ ಸುಮ್ಕಿದ್ದೆ. ನಂಗೆ ಬಂದು ಹೇಳಿದ್ರೆ ಹಾರೆ ಹಿಡ್ಕಂಡು ನಾನೂ ಬರ್ತಿದ್ದೆ."

ಆಶಾರಾಣಿ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಾ ನಿಂತಳು.

"ನಾನು ಮುದುಕಿ, ನನ್ನ ನೋಡಿ ನಗ್ಲಿ ಬುಡು. ಮೇಕೆ ಹೋದ್ವು, ಇನ್ನೊಂದು ಕಟ್ತೀನಿ. ನಾಯಿ ಅನ್ನೋ ಆ ಮಾತ್ನ ನೀನೇ ಅನ್ಬೋದಿತ್ತಲ್ಲ. ಆ ಮಗೀನ ಬಾಯಲ್ಲಿ ಯಾಕೆ ಅನ್ನಿಸ್ದೆ?"

ಮರಿಯನ್ನು ಹನುಮಕ್ಕ ಬೇಡ ಎನ್ನಲಿಲ್ಲ. ಎದ್ದು ಬಂದು ಹಗ್ಗ ತೆಗೆದುಕೊಂಡು ಗೂಟಕ್ಕೆ ಕಟ್ಟಿದಳು. ಕೂತ್ಕೋ ಎಂದೂ ಅನ್ನಲಿಲ್ಲ.

ಆಶಾರಾಣಿ ಮನೆಗೆ ಬಂದಾಗ ಹೊತ್ತು ಗುಡ್ಡದ ಅಂಚಿಗೆ ಇಳಿದಿತ್ತು. ತೇಜಸ್ವಿನಿ ಎಂದಿನ ಹಾಗೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದಳು. ಮೊದಲೆಲ್ಲ ಅಮ್ಮ ಕಂಡರೆ ಸಾಕು, ಶಾಲೆಯ ಸುದ್ದಿ, ಬಸ್ಸಿನ ಸುದ್ದಿ, ಹುಣಸೆ ಮರದ ಗೂಬೆಯ ಸುದ್ದಿ ಒಂದರ ಮೇಲೊಂದು ಉದುರುತ್ತಿದ್ದವು. ಆಮೇಲೆ ಹೇಳುವೆಯಂತೆ ಸುಮ್ಮನಿರು ಎಂದು ಇವಳೇ ಗದರಬೇಕಾಗುತ್ತಿತ್ತು. ಈಚೆಗೆ ಗದರುವ ಕೆಲಸವೇ ಇರಲಿಲ್ಲ. ಅದು ಯಾವತ್ತಿನಿಂದ ನಿಂತಿತು ಎಂದು ಅವಳಿಗೆ ಗೊತ್ತಿತ್ತು.

ಶೆಡ್ಡಿನಲ್ಲಿ ಮರಿಗಳು ಕೂಗುತ್ತಿದ್ದವು, ಪರದೆ ಇಳಿಸುವ ಹೊತ್ತು. ಆಶಾರಾಣಿ ಹೋಗಲಿಲ್ಲ. ಮಗಳ ಪಕ್ಕ ಕೂತು, ಬಿಚ್ಚಿಕೊಂಡಿದ್ದ ಅವಳ ಜಡೆಯನ್ನು ಕೈಗೆ ತೆಗೆದುಕೊಂಡಳು.

"ತೇಜು, ಆವತ್ತು ನೀನು ನೋಡಿದ್ದು ಚಿರತೆನೇ. ನೀನು ಸರಿಯಾಗೇ ಹೇಳಿದ್ದೆ. ನಂದೇ ತಪ್ಪು."

ಹುಡುಗಿ ಬರೆಯುವುದು ನಿಲ್ಲಿಸಿ, ಸ್ವಲ್ಪ ಯೋಚಿಸಿ, "ಅಂಗಾರೆ ಯಾರಾದ್ರೂ ಕೇಳಿದ್ರೆ ಈಗ ಏನನ್ಬೇಕಮ್ಮ?" ಎಂದಳು.

ಆಶಾರಾಣಿ ಜಡೆಯ ಎಳೆಗಳನ್ನು ಬಿಡಿಸುತ್ತಾ ಕೂತಳು. ಅಷ್ಟರಲ್ಲಿ ಮಗಳ ಕತ್ತು ಗುಡ್ಡದ ಕಡೆ ತಿರುಗಿ ಅಲ್ಲೇ ನಿಂತಿತು. ಬಂಡೆಯ ಮೇಲೆ ಚಿಕ್ಕದಾಗಿ ಏನೋ ಇತ್ತು. ಕಲ್ಲೋ, ಕುನ್ನಿಯೋ, ತಾಯಿ ಹೋದ ಮೇಲೆ ಉಳಿದ ಮರಿಯೋ. ಮುಳುಗುವ ಬಿಸಿಲು ಕಣ್ಣಿಗೇ ಹೊಡೆಯುತ್ತಿದ್ದುದರಿಂದ ಆಶಾರಾಣಿಗೆ ಬರೀ ಕಪ್ಪಗೆ ಕಂಡಿತು.

"ಏನದು?" ಎಂದು ಕೇಳಿದಳು. "ನಿನ್ನ ಕಣ್ಣು ಚುರುಕಲ್ವ, ನೋಡಿ ಹೇಳು ಮಗಾ."

ತೇಜಸ್ವಿನಿ ಬಂಡೆಯಿಂದ ಕಣ್ಣು ತೆಗೆದು ಅಮ್ಮನ ಮುಖ ನೋಡಿದಳು.

"ನೀನೇ ಹೇಳಮ್ಮ" ಎಂದಳು.