ಮಾಸ್ತರರು ಪುಣೆಗೆ ಕಾರು ನೋಡಲು ಹೋದದ್ದು

ಬಸವನ ಬಾಗೇವಾಡಿಯಲ್ಲಿ ನಲವತ್ತು ದಾಟಿದ ಯಾರನ್ನೇ ನಿಲ್ಲಿಸಿ, ಕಾರು ಹೊಡೆಯಲು ಎಲ್ಲಿ ಕಲಿತಿರಿ ಎಂದು ಕೇಳಿ. ಹತ್ತರಲ್ಲಿ ಏಳು ಜನ ರಾವಸಾಬ ಮಾಸ್ತರರ ಹೆಸರು ಹೇಳುತ್ತಾರೆ. ಉಳಿದ ಮೂವರು ಅವರ ಬೈಗುಳ ತಾಳಲಾರದೆ ನಡುವೆ ಬಿಟ್ಟು ಓಡಿದವರು. ಮೂವತ್ತೆಂಟು ವರ್ಷ ಮಾಸ್ತರರು ಒಂದೇ ಕೆನೆಬಣ್ಣದ ಫಿಯೆಟ್ಟಿನಲ್ಲಿ, ಎಡಗಡೆಯ ಸೀಟಿನಲ್ಲಿ ಕೂತು ತಾಲೂಕಿಗೆಲ್ಲ ಡ್ರೈವಿಂಗ್ ಕಲಿಸಿದ್ದರು. ಸಿಂದಗಿಯ ಮಹಮ್ಮದಹನೀಫ ಮಿಸ್ತ್ರಿ ಆ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಕೂರಿಸಿಕೊಟ್ಟಿದ್ದ. ಕಲಿಯುವವರು ಎಮ್ಮೆ ಕಂಡು ಕೈಕಾಲು ಬಿಟ್ಟರೆ ಮಾಸ್ತರರ ಬಲಗಾಲು ಗಾಡಿ ನಿಲ್ಲಿಸುತ್ತಿತ್ತು, ಬಾಯಿ ಮುಂದಿನ ಕೆಲಸ ನೋಡಿಕೊಳ್ಳುತ್ತಿತ್ತು.

ಈಗ ಅವರಿಗೆ ಎಪ್ಪತ್ತೆರಡು. ಡ್ರೈವಿಂಗ್ ಶಾಲೆ ಮುಚ್ಚಿ ಆರು ವರ್ಷ, ಹೆಂಡತಿ ಶೇವಂತೆವ್ವ ತೀರಿಕೊಂಡು ನಾಲ್ಕು ವರ್ಷ. ಮಗ, ಸೊಸೆ, ಮೊಮ್ಮಕ್ಕಳಿಂದ ಮನೆ ತುಂಬಿತ್ತು. ಮಾಸ್ತರರ ಮಾತು ಮಾತ್ರ ಕಡಿಮೆಯಾಗಿತ್ತು. ಜನವರಿಯ ಒಂದು ಬೆಳಿಗ್ಗೆ ಅವರು ಬಿಸಿಲಿಗೆ ಬೆನ್ನು ಕೊಟ್ಟು ಪೇಪರು ಓದುತ್ತಿದ್ದಾಗ ಕಾವೇರಿ ಬಂದಳು. ಮನಗೂಳಿ, ಇಂಡಿ, ಮುದ್ದೇಬಿಹಾಳದಲ್ಲಿ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ನಡೆಸುವ ನಲವತ್ಮೂರರ ಹೆಂಗಸು ಆಕೆ. ಹದಿನೆಂಟಕ್ಕೆ ಮಾಸ್ತರರ ಫಿಯೆಟ್ಟಿನಲ್ಲಿ ಕಲಿತವಳು.

ತನಗೊಂದು ಓಟದ ಕಾರು ತೆಗೆದುಕೊಳ್ಳುವ ಆಸೆ ಎಂದಳು. ಹುಚ್ಚು ಅನ್ನುವವರು ಅನ್ನಲಿ, ಇಪ್ಪತ್ತು ವರ್ಷ ದುಡಿದದ್ದಾಯಿತು. ಪುಣೆಯ ವ್ಯಾಪಾರಿಯೊಬ್ಬನ ಹತ್ತಿರ ಎರಡು ಕಾರು ನಿಂತಿವೆ. ಒಂದು, ಕಂಪನಿಯವರು ಲೆಕ್ಕ ಹಿಡಿದು ಜಗತ್ತಿಗೆಲ್ಲ ನೂರಿಪ್ಪತ್ತೇ ಮಾಡಿ ನಿಲ್ಲಿಸಿದ್ದು. ಇನ್ನೊಂದು, ರೇಸಿನ ಟ್ರ್ಯಾಕಿಗೆಂದೇ ಮಾಡಿದ್ದು. ಗಂಡ ಮೊದಲನೆಯದನ್ನು ಕೊಳ್ಳು ಅನ್ನುತ್ತಾನೆ, ಗೆಳತಿಯರೂ ಅದನ್ನೇ ಅನ್ನುತ್ತಾರೆ. ಅವಳಿಗೆ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

"ನನಗ ಸ್ಟೇರಿಂಗ್ ಹಿಡಿಯಾಕ ಕಲಿಸಿದವ್ರು ನೀವು. ನೀವ ನೋಡಿ ಹೇಳಬೇಕ್ರಿ ಮಾಸ್ತರ," ಎಂದಳು.

ತಮ್ಮ ಆಯುಷ್ಯವೆಲ್ಲ ಮೂರನೇ ಗೇರಿನಲ್ಲೇ ಕಳೆಯಿತು, ತಮಗೇನು ತಿಳಿಯುತ್ತದೆ ಎಂದು ಮಾಸ್ತರರು ನಕ್ಕರು. ಆದರೆ ಮರುದಿನ ಬೆಳಗಾಗುವ ಮೊದಲೇ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಕಾವೇರಿಯ ಕಾರು ಸೊಲ್ಲಾಪುರ ದಾಟುವವರೆಗೆ ಅವರ ತಲೆಯಲ್ಲಿ ಹಳೆಯದೇ ಓಡುತ್ತಿತ್ತು. ತೊಂಬತ್ತೊಂಬತ್ತರ ಬೇಸಿಗೆ. ಕಾವೇರಿಯ ಅಪ್ಪ ಪರಸಪ್ಪ ಜೀಪಿನಲ್ಲಿ ಊರೂರು ತಿರುಗಿ ದ್ರಾಕ್ಷಿ ಕೊಳ್ಳುತ್ತಿದ್ದ. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಇಟ್ಟುಕೊಂಡ ಡ್ರೈವರ್ ಕುಡಿದು ಮಸೂತಿ ಹಳ್ಳಿಯ ಹತ್ತಿರ ಜೀಪನ್ನು ಹೊಲಕ್ಕೆ ಇಳಿಸಿದ. ಆಗ ಪರಸಪ್ಪ ಹಿರಿಮಗಳ ಕೈ ಹಿಡಿದುಕೊಂಡು ಬಂದು, ಇವಳಿಗೆ ಕಲಿಸಿರಿ, ನನಗೆ ಕಣ್ಣು ಇವಳೇ ಎಂದ. ಅದುವರೆಗೆ ಮಾಸ್ತರರು ಒಬ್ಬ ಹುಡುಗಿಗೂ ಕಲಿಸಿರಲಿಲ್ಲ. ಊರು ಏನಾದರೂ ಆಡಿಕೊಂಡೀತು ಎಂದು ಹಿಂಜರಿದಾಗ, ಒಳಗಿನಿಂದ ಶೇವಂತೆವ್ವ, ಹಿಂದಿನ ಸೀಟಿನಲ್ಲಿ ನಾನು ಬಂದು ಕೂರುತ್ತೇನೆ, ಆಗ ಯಾರೇನು ಆಡುತ್ತಾರೆ ಎಂದಿದ್ದಳು.

ಹಾಗೆ ಮೂರು ತಿಂಗಳು ಆಕೆ ದಿನವೂ ಬಂದಳು. ಮಡಿಲಲ್ಲಿ ಹತ್ತಿಯ ಗಂಟು ಇಟ್ಟುಕೊಂಡು, ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂರುತ್ತಿದ್ದಳು. ಮೊದಲ ವಾರ ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆದಳು. ಎರಡನೇ ತಿಂಗಳಿಗೆ, ಮಾಸ್ತರರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ, "ಗೇರ್ ಬದಲಸ ತಂಗಿ, ಗಾಡಿ ಅಳಾಕತ್ತೈತಿ," ಎನ್ನತೊಡಗಿದಳು. ಇಂಜಿನ್ನಿನ ದನಿ ಆಕೆಗೆ ತಿಳಿದುಬಿಟ್ಟಿತ್ತು. ಒಂದು ಮಧ್ಯಾಹ್ನ ಮನಗೂಳಿ ರಸ್ತೆ ಖಾಲಿಯಿದ್ದಾಗ, ನಾನೊಂದಿಷ್ಟು ಹಿಡಿದು ನೋಡಲೇ ಎಂದು ಕೇಳಿದಳು. ನಿನಗೇಕೆ ಬೇಕು ಅದು ಎಂದರು ಮಾಸ್ತರರು. ಆಕೆ ಮತ್ತೆ ಬತ್ತಿ ಹೊಸೆಯತೊಡಗಿದಳು.

ಪುಣೆಯ ಹೊರಗೆ, ಗುಡ್ಡದ ಬುಡದಲ್ಲಿ ಯಾರದೋ ಖಾಸಗಿ ಟ್ರ್ಯಾಕು. ವ್ಯಾಪಾರಿಯ ಕಡೆಯ ಹುಡುಗ ಎರಡೂ ಕಾರುಗಳನ್ನು ಅಲ್ಲಿಗೇ ತರಿಸಿ ನಿಲ್ಲಿಸಿದ್ದ. ಮರಾಠಿಯಲ್ಲಿ ಮಾತು, ಮಾಸ್ತರರಿಗೆ ಅದೇನು ಹೊಸದಲ್ಲ.

ಮೊದಲನೆಯದು ಕಡು ಹಸಿರು. ಒಳಗೆಲ್ಲ ಕಂದು ಚರ್ಮ, ಎದುರಿಗೆ ಸಣ್ಣ ಹಿತ್ತಾಳೆಯ ಬಿಲ್ಲೆ. ನೂರಿಪ್ಪತ್ತರಲ್ಲಿ ಇದು ನಲವತ್ತೇಳನೆಯದು ಎಂದು ಅದರ ಮೇಲೆ ಕೆತ್ತಿತ್ತು. ಮಾಸ್ತರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾವೇರಿ ಎರಡು ಸುತ್ತು ಹೊಡೆದಳು. ಕಾರು ಹೋದದ್ದೇ ಗೊತ್ತಾಗಲಿಲ್ಲ, ಗುಡ್ಡವೇ ಹಿಂದಕ್ಕೆ ಸರಿದುಕೊಂಡಿತು. ಇಳಿದ ಮೇಲೆ ಮಾಸ್ತರರು ಬಗ್ಗಿ ಹಿಂದೆ ನೋಡಿದರು. ಅಲ್ಲೂ ಎರಡು ಪುಟ್ಟ ಸೀಟುಗಳಿದ್ದವು. ಅಲ್ಲಿ ಯಾರೂ ಕೂರುವುದಿಲ್ಲ, ಚೀಲ ಇಡಬಹುದಷ್ಟೇ ಎಂದ ಹುಡುಗ. ಮಾಸ್ತರರು ಕೈಚಾಚಿ ಆ ಚರ್ಮವನ್ನು ಸವರಿದರು. ಕಾಲು ಮಡಚಿದರೆ ಶೇವಂತೆವ್ವ ಸರಿಯಾಗಿ ಹಿಡಿಸುತ್ತಿದ್ದಳು. ಇದನ್ನೇ ಕೊಳ್ಳು ಎಂದು ಹೇಳಿಬಿಡಲು ಆ ಗಳಿಗೆಯಲ್ಲಿ ಅವರ ಮನಸ್ಸು ತಯಾರಾಗಿತ್ತು.

ಹುಡುಗ ಮಾತು ಮುಂದುವರಿಸಿದ. ಇದನ್ನು ವರ್ಷಕ್ಕೆ ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡಿಸಬಾರದು. ಧೂಳಿಲ್ಲದ ಕೋಣೆ ಬೇಕು, ಮೇಲೆ ಮೆತ್ತನೆಯ ಹೊದಿಕೆ ಬೇಕು. ಒಂದು ಗೀಚು ಬೀಳದಂತೆ ಇಟ್ಟರೆ ಹತ್ತು ವರ್ಷದಲ್ಲಿ ಬೆಲೆ ಎಲ್ಲಿಗೋ ಹೋಗುತ್ತದೆ. ಕಾವೇರಿ ತಲೆಯಾಡಿಸುತ್ತಿದ್ದಳು. ಮಾಸ್ತರರು ಸೀಟಿನ ಮೇಲಿಂದ ಕೈ ತೆಗೆದರು.

ಎರಡನೆಯದು ಬಿಳಿಯದು. ಹಿಂದೆ ಸೀಟಿರಬೇಕಾದ ಕಡೆ ಅಡ್ಡಡ್ಡ ಕಬ್ಬಿಣದ ಕೊಳವೆಗಳು. ಕಾಲಡಿ ಚಾಪೆಯಿಲ್ಲ, ಹಾಡು ಕೇಳುವ ಪೆಟ್ಟಿಗೆಯಿಲ್ಲ. ಬಾಗಿಲೆಳೆಯಲು ಹಿಡಿಕೆಯ ಬದಲು ಒಂದು ಕೆಂಪು ಬಟ್ಟೆಯ ಪಟ್ಟಿ. ತೂಕ ಉಳಿಸಲೆಂದು ಹೀಗೆ ಎಂದ ಹುಡುಗ. ಮಾಸ್ತರರ ಟೋಪಿ ತೆಗೆಸಿ ಹೆಲ್ಮೆಟ್ಟು ಹಾಕಿ, ತೊಟ್ಟಿಲಿಗೆ ಕೂಸನ್ನು ಕಟ್ಟಿದಂತೆ ಬೆಲ್ಟುಗಳಿಂದ ಬಿಗಿದ.

ಮೊದಲ ಸುತ್ತಿನಲ್ಲಿ ಮಾಸ್ತರರಿಗೆ ದೇವರು ಕಂಡ. ಗದ್ದಲ ಎದೆಯ ಗೂಡಿನೊಳಗೇ ಹೊಕ್ಕಿತ್ತು. ಪ್ರತಿ ತಿರುವಿಗೂ ಅವರ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು. ಎರಡನೇ ಸುತ್ತಿನಲ್ಲಿ ಅವರು ಒಂದು ವಿಷಯ ಗಮನಿಸಿದರು: ತಮ್ಮ ಕಾಲು ತುಳಿದ ಗಳಿಗೆಗೇ ಕಾವೇರಿಯ ಕಾಲೂ ತುಳಿಯುತ್ತಿತ್ತು. ತಿರುವಿಗಿಂತ ಮೊದಲು ಬ್ರೇಕು, ತಿರುವಿನಲ್ಲಿ ಕೈ ಸಡಿಲ, ಹೊರಬರುವಾಗ ವೇಗ. ತೊಂಬತ್ತೊಂಬತ್ತರಲ್ಲಿ ಮಸೂತಿಯ ತಿರುವಿನಲ್ಲಿ ನೂರು ಸಲ ಬೈದು ಹೇಳಿಕೊಟ್ಟದ್ದು ಅದೇ. ಮೂರನೇ ಸುತ್ತಿಗೆ ಅವರ ಕಾಲು ಸುಮ್ಮನಾಯಿತು. ನಿಲ್ಲಿಸಿದಾಗ ಕಾವೇರಿಯ ಮುಖ ಕೆಂಪಾಗಿತ್ತು, ಲೈಸೆನ್ಸು ಸಿಕ್ಕ ದಿನದ ಹಾಗೆ ಹಲ್ಲು ಬಿಟ್ಟು ನಗುತ್ತಿದ್ದಳು. ಹಸಿರು ಕಾರಿನಿಂದ ಇಳಿದಾಗ ಆಕೆ ಹೀಗೆ ನಕ್ಕಿರಲಿಲ್ಲ.

ಹುಡುಗ ಚಹಾ ತರಲು ಹೋದಾಗ ಆಕೆ, ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದಳು. ಮಾಸ್ತರರು ಟೋಪಿ ಸರಿಮಾಡಿಕೊಂಡು, "ಹಸರ ಗಾಡಿ ಬ್ಯಾಡ," ಎಂದರು. "ಚಂದ ಐತಿ, ಇಲ್ಲಂತ ಅನ್ನಂಗಿಲ್ಲ. ಆದ್ರ ಅದನ್ನ ತಗೊಂಡ್ರ ನೀ ಗಾಡಿ ಹೊಡಿಯೂದಿಲ್ಲ, ಅದರ ಕಾವಲಾ ಕಾಯ್ತಿ. ಬಿಳೇದ ತಗೋ."

ಬಿಳಿಯದು ನಮ್ಮೂರ ರಸ್ತೆಗೆ ಬರುವುದಿಲ್ಲ, ಮೊದಲ ಸ್ಪೀಡ್‌ಬ್ರೇಕರಿಗೇ ಹೊಟ್ಟೆ ತಾಗುತ್ತದೆ ಎಂದಳು ಕಾವೇರಿ. ಇಲ್ಲೇ ಇಟ್ಟು ತಿಂಗಳಿಗೊಮ್ಮೆ ಬಂದು ಹೊಡೆ ಎಂದರು ಮಾಸ್ತರರು. ಆಕೆ ಸ್ವಲ್ಪ ಹೊತ್ತು ಆ ಕೆಂಪು ಪಟ್ಟಿಯನ್ನು ಎಳೆಯುತ್ತ, ಬಿಡುತ್ತ ನಿಂತಳು. ಆಮೇಲೆ ಹುಡುಗನನ್ನು ಕರೆದು ಬಿಳಿಯದಕ್ಕೆ ಕಾಗದ ತಯಾರಿಸಲು ಹೇಳಿದಳು.

ರಾತ್ರಿ ಸೊಲ್ಲಾಪುರದಲ್ಲಿ ಕಾವೇರಿಯ ತಂಗಿಯ ಮನೆಯಲ್ಲಿ ಉಳಿದು, ಮರುದಿನ ಇಂಡಿಗೆ ಬಂದರು. ಅಲ್ಲಿ ಕೋಲ್ಡ್ ಸ್ಟೋರೇಜಿನ ಕೆಲಸ ಮುಗಿಸಿ, ಬಸ್‌ಸ್ಟ್ಯಾಂಡಿನ ಎದುರು ನಿಂಬೆ ಸೋಡಾ ಕುಡಿಯಲು ನಿಂತಾಗ ಮಾಸ್ತರರು ತಾವಾಗಿಯೇ ಮಾತು ತೆಗೆದರು. ಶಾಲೆ ಮುಚ್ಚಿದ ಮೇಲೆ ಅವರು ಫಿಯೆಟ್ಟಿನ ಎರಡನೇ ಬ್ರೇಕು, ಕ್ಲಚ್ಚು ತೆಗೆಸಿದರು. ಹೊಸ ಬಣ್ಣ ಹೊಡೆಸಿದರು, ಸೀಟು ಹೊಲಿಸಿದರು, ಮೇಲೊಂದು ಹೊದಿಕೆ ತಂದು ಮುಚ್ಚಿದರು. ಆಗ ಶೇವಂತೆವ್ವ, ಒಮ್ಮೆ ನಾಲತವಾಡಕ್ಕೆ ನನ್ನ ತವರಿಗೆ ಹೋಗಿ ಬರೋಣ, ರಸ್ತೆ ಖಾಲಿಯಿದ್ದ ಕಡೆ ನಾನು ಹೊಡೆಯುತ್ತೇನೆ ಎಂದಳು. ಬಣ್ಣ ಇನ್ನೂ ಹಸಿ ಎಂದರು ಇವರು. ದೀಪಾವಳಿಗೆ ಮತ್ತೆ ಕೇಳಿದಳು. ಗೀಚು ಬೀಳುತ್ತದೆ, ಬಸ್ಸಿಗೆ ಹೋಗೋಣ ಎಂದರು. ಮೂರನೇ ಸಲ ಕೇಳಿದಾಗ ಏನೆಂದರೋ ಅವರಿಗೇ ನೆನಪಿಲ್ಲ. ಮುಂದಿನ ಶ್ರಾವಣದಲ್ಲಿ ಆಕೆ ಬೆಳಗಿನ ರೊಟ್ಟಿ ಬಡಿಯುತ್ತ ಕುಸಿದಳು. ಆಮೇಲೆ ಬಹಳ ದಿನ ಅವರು ಹೊದಿಕೆ ತೆಗೆಯಲಿಲ್ಲ. ತೆಗೆದಾಗ ಬ್ಯಾಟರಿ ಸತ್ತಿತ್ತು, ಬ್ರೇಕು ಕಚ್ಚಿಕೊಂಡಿತ್ತು.

"ಒಂದ ಗೀಚ ಇಲ್ಲದಂಗ ಐತಿ ನೋಡ ಇನ್ನೂ," ಎಂದರು ಮಾಸ್ತರರು. "ಆಕಿಗೆ ಒಂದಿನಾ ಕೊಡಲಿಲ್ಲ."

ಕಾವೇರಿ ಗ್ಲಾಸನ್ನು ಕೆಳಗಿಟ್ಟಳು.

"ಮಾಸ್ತರ, ಇಪ್ಪತ್ತೈದ ವರ್ಷ ಆತು, ಒಂದ ಮಾತ ಮುಚ್ಚಿಟ್ಟೇನಿ. ಶೇವಂತೆವ್ವ ಕಾಕು ನನ್ನ ಕಡೆ ಆಣಿ ಹಾಕಿಸ್ಕೊಂಡಿದ್ರು," ಎಂದಳು. "ಕಾಕು ಗಾಡಿ ಹೊಡದಾರ್ರಿ."

ಮಾಸ್ತರರಿಗೆ ಅರ್ಥವಾಗಲಿಲ್ಲ. ಆಕೆ ಬಿಡಿಸಿ ಹೇಳಿದಳು. ಪ್ರತಿ ಬುಧವಾರ ಮಾಸ್ತರರು ಲೈಸೆನ್ಸಿನ ಪರೀಕ್ಷೆಗೆ ಹುಡುಗರನ್ನು ಫಿಯೆಟ್ಟಿನಲ್ಲಿ ಬಿಜಾಪುರಕ್ಕೆ ಕರೆದೊಯ್ಯುತ್ತಿದ್ದರಲ್ಲ. ಕಾವೇರಿಗೆ ಲೈಸೆನ್ಸು ಬಂದ ಮೇಲಿನ ಬುಧವಾರ ಶೇವಂತೆವ್ವ ಆಕೆಯ ಮನೆಗೆ ಹೋಗಿ, ನಿಮ್ಮಪ್ಪನ ಜೀಪು ತೆಗೆ ಎಂದಳಂತೆ. ಮನಗೂಳಿ ರಸ್ತೆಯಲ್ಲಿ ಸೀಟು ಬದಲಿಸಿದರು. ಕಲಿಸಬೇಕಾದದ್ದು ಏನೂ ಇರಲಿಲ್ಲ. ಮೂರು ತಿಂಗಳು ಹಿಂದೆ ಕೂತು ಕೇಳಿದ್ದೆಲ್ಲ ಆಕೆಯ ಕೈಕಾಲಿನಲ್ಲಿತ್ತು. ಇಂಜಿನ್ ಒಂದೇ ಸಲ ಆರಿತಂತೆ. ಹಾಗೆ ನಾಲ್ಕು ಬುಧವಾರ. ಕೊನೆಯ ಬುಧವಾರ ಮುದ್ದೇಬಿಹಾಳದವರೆಗೆ ಕಾವೇರಿ ಹೊಡೆದಳು, ಅಲ್ಲಿಂದ ನಾಲತವಾಡದವರೆಗೆ ಶೇವಂತೆವ್ವ. ಆಮೇಲೆ ಪರಸಪ್ಪ ಜೀಪು ಮಾರಿದ.

"ಜೀಪ?" ಎಂದರು ಮಾಸ್ತರರು. ಅವರಿಗೆ ಆ ಕಾಲದ ಜೀಪಿನ ಸ್ಟೇರಿಂಗ್ ಗೊತ್ತು. ಗಂಡಸರ ರಟ್ಟೆಯೇ ಸೋಲುತ್ತಿತ್ತು. ಆ ಬುಧವಾರವೂ ನೆನಪಾಯಿತು. ಅವರು ಸಂಜೆ ಮನೆಗೆ ಬಂದಾಗ ತವರಿನ ಗುರೆಳ್ಳು ಚಟ್ನಿಪುಡಿ ತಟ್ಟೆಯಲ್ಲಿತ್ತು. ಬಸ್ಸಿಗೆ ಹೋಗಿ ಬಂದೆ ಎಂದಿದ್ದಳು. ಊಟಕ್ಕೆ ಬಡಿಸುವಾಗ ತೋಳು ಒತ್ತಿಕೊಳ್ಳುತ್ತಿದ್ದಳು, ಮುಖದಲ್ಲಿ ಏನೋ ಹುರುಪಿತ್ತು. ತವರಿಗೆ ಹೋಗಿ ಬಂದ ಹುರುಪು ಎಂದುಕೊಂಡಿದ್ದರು.

ಸೋಡಾ ಹಾಗೇ ಉಳಿಯಿತು. ಇಷ್ಟು ದಿನ ಅವರು, ಕಲಿಯುವ ಆಸೆ ತೀರದೆ ಹೋದಳು ಎಂದು ಕೊರಗಿದ್ದರು. ಈಗ ತಿಳಿಯಿತು, ಆಕೆ ಫಿಯೆಟ್ಟು ಕೇಳಿದ್ದು ಕಲಿಯಲೆಂದಲ್ಲ. ತನಗೆ ಬರುತ್ತದೆಂದು, ಪಕ್ಕದಲ್ಲಿ ಕೂತ ಗಂಡನಿಗೆ ತೋರಿಸಲೆಂದು. ಅದು ಸಮಾಧಾನವೋ ಇನ್ನೂ ದೊಡ್ಡ ಸಂಕಟವೋ ಎಂದು ಅವರಿಗೆ ತಿಳಿಯಲಿಲ್ಲ. ಹೊರಟ ಮೇಲೆ ದಾರಿಯುದ್ದಕ್ಕೂ ಕೇಳಿದ್ದನ್ನೇ ಕೇಳಿದರು. ಯಾವ ಗೇರಿನಲ್ಲಿ ಹೊಡೆದಳು, ಎದುರಿಗೆ ಲಾರಿ ಬಂದಾಗ ಏನು ಮಾಡಿದಳು, ತಲೆಯ ಮೇಲಿನ ಸೆರಗು ನಿಂತಿತ್ತೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು ಎಂದಳು ಕಾವೇರಿ.

ವಾರ ಬಿಟ್ಟು ಆಕೆಗೆ ಮುದ್ದೇಬಿಹಾಳದಲ್ಲಿ ಕೆಲಸವಿತ್ತು. ಮಾಸ್ತರರು ನಾನೂ ಬರುತ್ತೇನೆಂದರು. ಬಾಗೇವಾಡಿ ದಾಟುತ್ತಲೇ, ಇತ್ತ ಕೊಡು ಎಂದು ತಾವೇ ಸ್ಟೇರಿಂಗ್ ಹಿಡಿದರು. ನಾಲ್ಕು ವರ್ಷದಲ್ಲಿ ಮೊದಲ ಸಲ. ಕೆಲಸ ಮುಗಿದ ಮೇಲೆ ನೆಟ್ಟಗೆ ನಾಲತವಾಡಕ್ಕೆ ಹೊಡೆದರು. ಶೇವಂತೆವ್ವನ ತಮ್ಮ ಕಾಂತು ಅಲ್ಲಿ ಬಸ್ ನಿಲ್ಲುವ ಕಡೆ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಕುಶಲ ಕೇಳುವ ಮೊದಲೇ ಮಾಸ್ತರರು ಜೀಪಿನ ಮಾತು ಎತ್ತಿದರು. ಕಾಂತು ಕಾವೇರಿಯ ಮುಖ ನೋಡಿದ, ಆಕೆ ತಲೆಯಾಡಿಸಿದಳು.

"ಬಂದಿದ್ದು ಖರೆ ಮಾವಾ," ಎಂದ. "ಇಲ್ಲೇ ನಿಲ್ಲಿಸಿದ್ಲು, ಗಟಾರದ ಬಾಯಿಗೆ. ಮುಂದ ಹೋಗಾಕ ಜಾಗಾ ಇಲ್ಲ, ಹಿಂದ ತಗೊಳ್ಳಾಕ ಆಕಿಗೆ ಬರೂದಿಲ್ಲ. ನಾ ತಗೀತೇನಿ ಇಳೀರಿ ಅಂತ ಈ ಹುಡಗಿ ಎಷ್ಟ ಅಂದ್ಳು. ಅಕ್ಕ ಸೀಟ ಬಿಟ್ಟ ಇಳೀಲೇ ಇಲ್ಲ. ಕಡೀಕ ನಾವ ಐದ ಮಂದಿ ಕೂಡಿ ಜೀಪ ಹಿಂದಕ್ಕ ನೂಕಿದ್ವಿ, ಆಕಿ ಒಳಗ ಕುಂತಾಕಿ ಕುಂತಂಗ."

ಮಾಸ್ತರರು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಮೊದಲು ಭುಜ ಅಲುಗಿದವು. ಅಳುತ್ತಿದ್ದಾರೆಂದು ಕಾವೇರಿ ಹತ್ತಿರ ಬಂದಳು. ಅವರು ನಗುತ್ತಿದ್ದರು. ಟೋಪಿ ತೆಗೆದು ಅದರಿಂದಲೇ ಕಣ್ಣು ಒರೆಸಿಕೊಂಡು, ರಿವರ್ಸ್ ಕಲಿಸದೆ ಗಾಡಿ ಕೊಡುತ್ತಾರೇನು ಎಂದು ಕಾವೇರಿಯನ್ನು ಹಳೆಯ ದನಿಯಲ್ಲೇ ಬೈದರು.

"ನಾಕ ಬುಧವಾರ ಸಾಲಲಿಲ್ರಿ ಮಾಸ್ತರ," ಎಂದಳು ಕಾವೇರಿ.

ಅವರು ಎದ್ದು ರಸ್ತೆಗಿಳಿದರು. ಗಟಾರದ ಮೇಲೆ ಈಗ ಕಲ್ಲು ಹಾಸಿದ್ದಾರೆ. ಜೀಪಿನ ಮುಂದಿನ ಗಾಲಿ ಎಲ್ಲಿತ್ತು ಎಂದು ಕಾಂತುವಿನಿಂದ ಕೇಳಿ ತಿಳಿದುಕೊಂಡು, ಅಲ್ಲಿಂದ ಗೋಡೆಯವರೆಗೆ ಹೆಜ್ಜೆ ಇಟ್ಟು ಅಳೆದರು. ಆಮೇಲೆ, ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ, ಕ್ಲಚ್ಚು ಅರ್ಧ ಬಿಟ್ಟು, ನಾಲ್ಕು ಮೊಳ ಹಿಂದೆ ಬಂದಿದ್ದರೆ ಸಾಕಿತ್ತು, ಆಕೆಯೇ ಹೊರಗೆ ತಂದುಬಿಡುತ್ತಿದ್ದಳು ಎಂದು ಕಾಂತುವಿಗೆ ಕೈಯಿಂದ ತಿರುಗಿಸಿ ತೋರಿಸತೊಡಗಿದರು.